ಸಿಪಿಯು ಸುಮ್ನೆ ಕೂತಿದ್ದರೆ ಹೀಪ್‌ಗೆ ಕೈ ಹಾಕಲು ಬಿಡಬೇಡಿ

ಜಾವಾ ಸರ್ವರ್ ನೋಡಿಕೊಳ್ಳುವವರು, ಅದರಲ್ಲೂ ಸಣ್ಣ ಕಂಪನಿಗಳಲ್ಲಿ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸರ್ವರ್ ನಿಧಾನವಾದಾಗ "ಟ್ಯೂನಿಂಗ್ ಮಾಡಿಕೊಡ್ತೀವಿ" ಅಂತ ಹೊರಗಿನವರು ಬರುತ್ತಾರೆ. ಅವರ ಕೈಗೆ ಪ್ರೊಡಕ್ಷನ್ ಕೊಡುವ ಮುಂಚೆ ಏನು ಕೇಳಬೇಕು, ಯಾವುದಕ್ಕೆ ಒಪ್ಪಲೇಬಾರದು ಅನ್ನೋದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ ಆದದ್ದು ಇನ್ನೊಂದು ಕಡೆ ಆಗಬಾರದು.

ನಮ್ಮದು ಶಾಲೆಗಳ ಫೀಸ್ ಕಟ್ಟುವ ಸಾಫ್ಟ್‌ವೇರ್. ಸ್ಪ್ರಿಂಗ್ ಬೂಟ್‌ನಲ್ಲಿ ಬರೆದ ಜಾವಾ ಪ್ರೋಗ್ರಾಮ್, ರಿಕ್ವೆಸ್ಟ್ ತೆಗೆದುಕೊಳ್ಳಲು ಟಾಮ್‌ಕ್ಯಾಟ್, ಡೇಟಾಬೇಸ್ ಪೋಸ್ಟ್‌ಗ್ರೆಸ್, ಎಲ್ಲ ಕ್ಯೂಬರ್ನೆಟೀಸ್ ಮೇಲೆ. ಪ್ರೋಗ್ರಾಮ್‌ನ ಹಲವು ಪ್ರತಿಗಳನ್ನು ಓಡಿಸಿ ನೋಡಿಕೊಳ್ಳುವುದು ಅದೇ; ಒಂದೊಂದು ಪ್ರತಿ ಒಂದು ಪಾಡ್, ಅದರ ಒಳಗೆ ಕಂಟೇನರ್. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಲೋಡ್ ಜಾಸ್ತಿ. ಬೆಳಿಗ್ಗೆ ಹತ್ತು ಗಂಟೆ ಆಯಿತೆಂದರೆ ಪೇಜ್ ತಿರುಗುತ್ತಲೇ ಇರುತ್ತಿತ್ತು. ಆಮೇಲೆ ಎರರ್. ಪ್ರತಿ ಸಲವೂ ಹೆಚ್ಚುಕಡಿಮೆ 30 ಸೆಕೆಂಡ್‌ಗೇ ಎರರ್. ಈ 30 ಸೆಕೆಂಡ್ ನೆನಪಿರಲಿ, ಮುಂದೆ ಬರುತ್ತದೆ. ತಂದೆ ತಾಯಂದಿರ ಅಕೌಂಟ್‌ನಿಂದ ದುಡ್ಡು ಹೋಗಿರುತ್ತಿತ್ತು, ರಸೀದಿ ಬಂದಿರುತ್ತಿರಲಿಲ್ಲ. ಕಡೆಯ ದಿನ ದಾಟಿ ದಂಡ ಬೀಳುತ್ತೆ ಅಂತ ಹೆದರಿ ಕೆಲವರು ಎರಡನೇ ಸಲ ಕಟ್ಟಿದರು. ಶಾಲೆಯ ಆಫೀಸ್ ಮುಂದೆ ಫೋನ್ ಹಿಡಿದುಕೊಂಡು ಸಾಲು ನಿಂತರು. ದಿನಗೂಲಿ ಬಿಟ್ಟು ಬಂದವರೂ ಇದ್ದರು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮ್ಯಾನೇಜ್‌ಮೆಂಟ್ ಒಂದು ಟ್ಯೂನಿಂಗ್ ಸಂಸ್ಥೆಯನ್ನು ಕರೆಸಿತು. ಹೆಸರು ಹೇಳುವುದಿಲ್ಲ. ಬಂದವರು ಮೊದಲು ಕೇಳಿದ್ದೇ ಹೀಪ್ ಗ್ರಾಫ್. ಹೀಪ್ ಅಂದರೆ ಜಾವಾ ತನ್ನ ಆಬ್ಜೆಕ್ಟ್‌ಗಳನ್ನು ಇಡುವ ಮೆಮೊರಿ. ಗ್ರಾಫನಾ ಡ್ಯಾಶ್‌ಬೋರ್ಡ್‌ನಲ್ಲಿ ಹೀಪ್ ಗೆರೆ ಗರಗಸದ ಹಲ್ಲಿನ ಹಾಗೆ ಏರಿ ಇಳಿಯುತ್ತಿತ್ತು. ಅದನ್ನು ತೋರಿಸಿ "ಮೆಮೊರಿ ಸಾಲ್ತಿಲ್ಲ, ಜಿಸಿ ಜಾಸ್ತಿ ಆಗ್ತಿದೆ" ಅಂದರು. ಇಲ್ಲೇ ಎಚ್ಚರ ಬೇಕು. ಆರೋಗ್ಯವಾಗಿರುವ ಜೆವಿಎಂನ (ಜಾವಾ ಓಡಿಸುವ ಎಂಜಿನ್) ಹೀಪ್ ಇರೋದೇ ಹಾಗೆ. ಬಳಸಿ ಬಿಟ್ಟ ಆಬ್ಜೆಕ್ಟ್‌ಗಳ ಕಸ ತುಂಬುತ್ತದೆ, ಜಿಸಿ (ಗಾರ್ಬೇಜ್ ಕಲೆಕ್ಷನ್) ಬಂದು ಗುಡಿಸುತ್ತದೆ, ಗೆರೆ ಕೆಳಗಿಳಿಯುತ್ತದೆ. ನೋಡಬೇಕಾದ್ದು ತುದಿಯನ್ನಲ್ಲ, ಹಳೆಯ ಆಬ್ಜೆಕ್ಟ್‌ಗಳ ಜಿಸಿ ಆದಮೇಲೆ ಉಳಿಯುವ ತಳವನ್ನು. ಆ ತಳ ದಿನದಿಂದ ದಿನಕ್ಕೆ ಏರುತ್ತಾ ಹೋದರೆ ಮೆಮೊರಿ ಲೀಕ್ (ಬಿಡಬೇಕಾದ ಮೆಮೊರಿಯನ್ನು ಬಿಡದೆ ಹಿಡಿದಿರುವುದು) ಇರಬಹುದು. ನಮ್ಮಲ್ಲಿ ತಳ ಅಲುಗಾಡಿರಲಿಲ್ಲ. ಜಿಸಿ ಲಾಗ್ ಕೂಡ ಇತ್ತು. ಒಂದೊಂದು ಪಾಸ್ ಕೆಲವೇ ಮಿಲಿಸೆಕೆಂಡ್. 30 ಸೆಕೆಂಡ್ ತಡಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಲಾಗ್ ತೆರೆದು ನೋಡಿ ಅಂತ ನಮ್ಮ ಟೀಮ್ ಹೇಳಿತು. ಅವರು ನೋಡಲಿಲ್ಲ.

ಇನ್ನೊಂದು ಗ್ರಾಫ್ ಪಕ್ಕದಲ್ಲೇ ಇತ್ತು. ಸಿಪಿಯು. ಜನ ಒದ್ದಾಡುತ್ತಿದ್ದ ಹೊತ್ತಿನಲ್ಲೇ ಸಿಪಿಯು ಹೆಚ್ಚುಕಡಿಮೆ ಖಾಲಿ ಇತ್ತು. ಜಿಸಿಯಿಂದ ಸರ್ವರ್ ಹಿಂಡಿಹೋಗುತ್ತಿದ್ದರೆ ಸಿಪಿಯು ಉರಿಯಬೇಕು. ಸಿಪಿಯು ಸುಮ್ನೆ ಕೂತಿದೆ, ರಿಕ್ವೆಸ್ಟ್ ಮಾತ್ರ ಮುಗಿಯುತ್ತಿಲ್ಲ ಅಂದರೆ ಥ್ರೆಡ್‌ಗಳು (ಒಂದೊಂದು ರಿಕ್ವೆಸ್ಟ್‌ನ ಕೆಲಸ ಮಾಡುವ ಎಳೆಗಳು) ಯಾವುದಕ್ಕೋ ಕಾಯುತ್ತಿವೆ ಅಂತ ಅರ್ಥ. ಯಾವುದಕ್ಕೆ ಕಾಯುತ್ತಿವೆ ಅನ್ನೋದನ್ನು ಹೀಪ್ ಹೇಳುವುದಿಲ್ಲ, ಪ್ರತಿ ಥ್ರೆಡ್ ಆ ಕ್ಷಣ ಎಲ್ಲಿ ನಿಂತಿದೆ ಅಂತ ತೋರಿಸುವ ಥ್ರೆಡ್ ಡಂಪ್ ಹೇಳುತ್ತದೆ. ಬಂದವರು ಅದನ್ನು ಒಂದು ಸಲವೂ ತೆಗೆಯಲಿಲ್ಲ.

ಅವರು ಮಾಡಿದ ಮೊದಲ ಬದಲಾವಣೆ: ಪಾಡ್‌ನ ಮೆಮೊರಿ ಮಿತಿ 4 ಜಿಬಿ ಇದ್ದರೆ ಹೀಪ್‌ನ ಗರಿಷ್ಠ ಮಿತಿ ಹೇಳುವ ಎಕ್ಸ್‌ಎಂಎಕ್ಸ್ ಅನ್ನೂ 4 ಜಿಬಿಗೇ ಏರಿಸಿದರು. ಜಾವಾ ಬಳಸುವ ಮೆಮೊರಿ ಹೀಪ್ ಒಂದೇ ಅಲ್ಲ. ಮೆಟಾಸ್ಪೇಸ್ ಇದೆ, ಕೋಡ್ ಕ್ಯಾಶ್ ಇದೆ, ಡೈರೆಕ್ಟ್ ಬಫರ್ ಇದೆ, ಜಿಸಿಗೇ ಬೇಕಾದ ಜಾಗ ಇದೆ. 64 ಬಿಟ್ ಲಿನಕ್ಸ್‌ನಲ್ಲಿ ಒಂದೊಂದು ಥ್ರೆಡ್ ಸ್ಟ್ಯಾಕ್‌ಗೆ 1 ಎಂಬಿ ತನಕ ಮೀಸಲು. ಇದೆಲ್ಲ ಸೇರಿ ಮಿತಿ ದಾಟಿದ ಕೂಡಲೇ ಕರ್ನಲ್ ಪ್ರಾಸೆಸ್ ಅನ್ನು ಕೊಂದುಹಾಕುತ್ತದೆ. ಎಕ್ಸಿಟ್ ಕೋಡ್ 137. ಜಾವಾ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ, ಔಟ್ ಆಫ್ ಮೆಮೊರಿ ಎರರ್ ಕೂಡ ಬರುವುದಿಲ್ಲ. ನಮ್ಮ ಪಾಡ್‌ಗಳು ಹಾಗೆ ಬೀಳತೊಡಗಿದವು. ಬಿದ್ದಿದ್ದನ್ನೇ ತೋರಿಸಿ "ನೋಡಿ, ಮೆಮೊರಿ ಸಮಸ್ಯೆ ಅಂತ ಮೊದಲೇ ಹೇಳಿದ್ವಲ್ಲ" ಅಂದರು. ಅವರೇ ತಂದಿಟ್ಟ ತೊಂದರೆ ಅವರ ವಾದಕ್ಕೆ ಸಾಕ್ಷಿಯಾಯಿತು. ಕಂಟೇನರ್‌ನಲ್ಲಿ ಹೀಪ್‌ನ ಹೊರಗೂ ಧಾರಾಳ ಜಾಗ ಬಿಡಿ. ಮ್ಯಾಕ್ಸ್ ರ್‍ಯಾಮ್ ಪರ್ಸೆಂಟೇಜ್ ಅನ್ನುವ ಆಯ್ಕೆ ಇರೋದೇ ಇದಕ್ಕೆ. ಏನೂ ಹೇಳದಿದ್ದರೆ ಜೆವಿಎಂ ಸಾಮಾನ್ಯವಾಗಿ ಮೆಮೊರಿ ಮಿತಿಯ ಕಾಲು ಭಾಗವನ್ನಷ್ಟೇ ಹೀಪ್‌ಗೆ ತೆಗೆದುಕೊಳ್ಳುತ್ತದೆ. ಅದು ತುಂಬ ಕಡಿಮೆ, ಆದರೆ ನೂರಕ್ಕೆ ನೂರು ಕೊಡುವುದು ಅದಕ್ಕಿಂತ ಅಪಾಯ.

ಎರಡನೇ ಬದಲಾವಣೆ: ಟಾಮ್‌ಕ್ಯಾಟ್ ಥ್ರೆಡ್‌ಗಳನ್ನು 200ರಿಂದ 800ಕ್ಕೆ ಏರಿಸಿದರು. ಇದರಿಂದ ಯಾಕೆ ಇನ್ನೂ ಕೆಟ್ಟಿತು ಅನ್ನೋದು ಆಮೇಲೆ ಗೊತ್ತಾಯಿತು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಬೆಳಿಗ್ಗೆ ಹನ್ನೊಂದರ ಹೊತ್ತು, ತುಂಬು ಟ್ರಾಫಿಕ್. ಆಗ ಲೈವ್ ಪಾಡ್ ಮೇಲೆ ಜೆಮ್ಯಾಪ್ ಅನ್ನುವ ಟೂಲ್ ಹೊರಗಿನಿಂದ ತಂದು ಹಾಕಿ ಹೀಪ್ ಡಂಪ್ (ಹೀಪ್‌ನ ಪೂರ್ತಿ ನಕಲು) ತೆಗೆದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೀಪ್ ಡಂಪ್ ಬರೆದು ಮುಗಿಯುವ ತನಕ ಅಪ್ಲಿಕೇಶನ್ ಪೂರ್ತಿ ನಿಲ್ಲುತ್ತದೆ. ಲೈವ್ ಆಯ್ಕೆ ಕೊಟ್ಟರೆ ಅದಕ್ಕೂ ಮುಂಚೆ ಒಂದು ಫುಲ್ ಜಿಸಿ ಬೇರೆ. ಹಲವು ಜಿಬಿ ಹೀಪ್, ನಿಧಾನದ ಡಿಸ್ಕ್ ಇದ್ದರೆ ನಿಮಿಷಗಟ್ಟಲೆ ಹಿಡಿಯಬಹುದು. ಕ್ಯೂಬರ್ನೆಟೀಸ್ ಅಷ್ಟು ಹೊತ್ತು ಕಾಯುವುದಿಲ್ಲ. ಪ್ರೋಗ್ರಾಮ್ ಬದುಕಿದೆಯಾ ಅಂತ ಕೇಳುವ ಲೈವ್‌ನೆಸ್ ಪ್ರೋಬ್ ಡಿಫಾಲ್ಟ್‌ನಲ್ಲಿದ್ದರೆ 10 ಸೆಕೆಂಡ್‌ಗೆ ಒಂದು ಸಲ ಕೇಳುತ್ತದೆ, 1 ಸೆಕೆಂಡ್‌ನಲ್ಲಿ ಉತ್ತರ ಬರಬೇಕು. ಸತತ ಮೂರು ಸಲ ತಪ್ಪಿದರೆ ಕಂಟೇನರ್ ಅನ್ನು ಕೊಂದು ಮತ್ತೆ ಎಬ್ಬಿಸುತ್ತದೆ. ನಮ್ಮಲ್ಲಿ ಆದದ್ದು ಅದೇ. ಕಂಟೇನರ್ ಹೋಯಿತು, ಅದರ ಒಳಗೇ ಬರೆಯುತ್ತಿದ್ದ ಡಂಪ್ ಫೈಲೂ ಹೋಯಿತು. ಅದರ ಲೋಡ್ ಉಳಿದ ಪಾಡ್‌ಗಳ ಮೇಲೆ ಬಿತ್ತು. ನಮ್ಮ ಲೈವ್‌ನೆಸ್ ಪ್ರೋಬ್ ಡೇಟಾಬೇಸ್ ಸರಿಯಿದೆಯಾ ಅಂತಲೂ ನೋಡುವ ಹೆಲ್ತ್ ಎಂಡ್‌ಪಾಯಿಂಟ್‌ಗೆ ಹೋಗುತ್ತಿತ್ತು. ಡೇಟಾಬೇಸ್ ಕನೆಕ್ಷನ್ ಸಿಗದೆ ಆ ಚೆಕ್ ಕೂಡ ನಿಂತಿತು. ಒಂದಾದ ಮೇಲೊಂದು ಪಾಡ್ ಬಿದ್ದು ಸೈಟ್ ಪೂರ್ತಿ ಕೆಳಗೆ ಹೋಯಿತು. ಲೈವ್‌ನೆಸ್‌ನಲ್ಲಿ ಡೇಟಾಬೇಸ್ ಚೆಕ್ ಇಡಬೇಡಿ. ಡೇಟಾಬೇಸ್ ನಿಧಾನವಾದರೆ ಜಾವಾ ರೀಸ್ಟಾರ್ಟ್ ಮಾಡಿ ಏನೂ ಪ್ರಯೋಜನ ಇಲ್ಲ, ಅಲ್ವಾ?

ಹೀಪ್ ಡಂಪ್ ಬೇಡ, ಬರೀ ಹಿಸ್ಟೋಗ್ರಾಮ್ (ಯಾವ ಕ್ಲಾಸ್‌ನ ಆಬ್ಜೆಕ್ಟ್ ಎಷ್ಟಿವೆ ಅನ್ನುವ ಪಟ್ಟಿ) ತೆಗೆಯುತ್ತೇವೆ ಅಂದರೂ ಹುಷಾರು. ಜಾವಾ ಡೆವಲಪ್‌ಮೆಂಟ್ ಕಿಟ್ (ಜೆಡಿಕೆ) ಜೊತೆ ಬರುವ ಜೆಸಿಎಂಡಿ ಟೂಲ್‌ನ ಕ್ಲಾಸ್ ಹಿಸ್ಟೋಗ್ರಾಮ್ ಕೂಡ ತಾನಾಗಿ ಫುಲ್ ಜಿಸಿ ಮಾಡಿಸುತ್ತದೆ. ನೋಡೋಕೆ ಸಾಧು ಕಮಾಂಡ್, ಪೀಕ್ ಹೊತ್ತಿನಲ್ಲಿ ಹೊಡೆದರೆ ಏಟು ಜೋರು.

ಕಡೆಗೆ ನಿಜವಾದ ಕಾರಣ ಹಿಡಿದದ್ದು ನಮ್ಮ ಟೀಮ್‌ನಲ್ಲೇ ಹೊಸದಾಗಿ ಸೇರಿದ್ದ ಹುಡುಗಿ. ಮಾರನೇ ದಿನ ಬೆಳಿಗ್ಗೆ ಪೇಜ್ ತಿರುಗಲು ಶುರುವಾದಾಗ, ಯಾರೋ ರೀಸ್ಟಾರ್ಟ್ ಒತ್ತುವ ಮುಂಚೆ, ಅವಳು ಹತ್ತು ಹತ್ತು ಸೆಕೆಂಡ್ ಬಿಟ್ಟು ಮೂರು ಥ್ರೆಡ್ ಡಂಪ್ ತೆಗೆದಳು. ನಮ್ಮ ಇಮೇಜ್‌ನಲ್ಲಿ ಜೆಸಿಎಂಡಿ ಇರಲಿಲ್ಲ, ಜಾವಾ ಓಡಿಸಲು ಬೇಕಾದಷ್ಟೇ ಇರುವ ಜೆಆರ್‌ಇ ಇತ್ತು. ಹಾಗಾಗಿ ಕಿಲ್ ಮೈನಸ್ 3 ಕೊಟ್ಟಳು. ಹೆಸರು ಕೇಳಿ ಹೆದರಬೇಡಿ, ಜಾವಾ ಅದರಿಂದ ಸಾಯುವುದಿಲ್ಲ. ಎಲ್ಲ ಥ್ರೆಡ್‌ಗಳ ಸ್ಟ್ಯಾಕನ್ನು ಕನ್ಸೋಲ್ ಲಾಗ್‌ಗೆ ಬರೆದು ತನ್ನ ಪಾಡಿಗೆ ಮುಂದುವರಿಯುತ್ತದೆ. ಥ್ರೆಡ್ ಡಂಪ್‌ಗೆ ಅಪ್ಲಿಕೇಶನ್ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ.

ಆ ಡಂಪ್‌ನಲ್ಲಿ ಎಲ್ಲವೂ ಬರೆದಿಟ್ಟ ಹಾಗೆ ಇತ್ತು. ಟಾಮ್‌ಕ್ಯಾಟ್‌ನ ನೂರಾರು ಥ್ರೆಡ್‌ಗಳು ಒಂದೇ ಜಾಗದಲ್ಲಿ ನಿಂತಿದ್ದವು. ಸ್ಟೇಟ್ ಟೈಮ್ಡ್ ವೇಟಿಂಗ್, ಕೆಳಗಿನ ಸಾಲುಗಳಲ್ಲಿ ಹಿಕಾರಿ ಪೂಲ್, ಗೆಟ್ ಕನೆಕ್ಷನ್. ಹಿಕಾರಿ ಅಂದರೆ ಡೇಟಾಬೇಸ್ ಕನೆಕ್ಷನ್‌ಗಳನ್ನು ಒಂದು ಪೂಲ್‌ನಲ್ಲಿಟ್ಟು ಕೇಳಿದವರಿಗೆ ಕೊಟ್ಟು ವಾಪಸ್ ಪಡೆಯುವ ಲೈಬ್ರರಿ. ಅಂದರೆ ಡೇಟಾಬೇಸ್ ಕನೆಕ್ಷನ್ ಕೊಡಿ ಅಂತ ಸಾಲು ನಿಂತಿವೆ. ಹಾಗಾದರೆ ಕನೆಕ್ಷನ್ ಯಾರ ಹತ್ತಿರ ಇದೆ? ಹಿಕಾರಿ ಪೂಲ್‌ನ ಡಿಫಾಲ್ಟ್ ಗಾತ್ರ 10. ಬೇರೆ ಥರ ಕಾಣುತ್ತಿದ್ದ ಥ್ರೆಡ್‌ಗಳೂ ಸರಿಯಾಗಿ ಹತ್ತೇ. ಆ ಹತ್ತೂ ಸಾಕೆಟ್ ರೀಡ್‌ನಲ್ಲಿ, ಅಂದರೆ ನೆಟ್‌ವರ್ಕ್‌ನಿಂದ ಬರುವ ಉತ್ತರಕ್ಕೆ ಕಾಯುತ್ತಾ, ನಿಂತಿದ್ದವು. ಮೂರು ಡಂಪ್‌ನಲ್ಲೂ ಅವೇ ಥ್ರೆಡ್, ಅದೇ ಸಾಲು. ಕೆಳಗೆ ಓದುತ್ತಾ ಹೋದರೆ ಎಸ್ಸೆಮ್ಮೆಸ್ ಕಳಿಸುವ ಕ್ಲಾಸ್, ಅದರ ಕೆಳಗೆ ಫೀಸ್ ಸೇವ್ ಮಾಡುವ ಮೆಥಡ್, ಅದರ ಕೆಳಗೆ ಡೇಟಾಬೇಸ್ ಟ್ರಾನ್ಸಾಕ್ಷನ್ ತೆರೆದು ಮುಚ್ಚುವ ಸ್ಪ್ರಿಂಗ್‌ನ ಟ್ರಾನ್ಸಾಕ್ಷನ್ ಇಂಟರ್‌ಸೆಪ್ಟರ್.

ಇಲ್ಲಿ ತುಂಬ ಜನ ಮೋಸ ಹೋಗುವ ಒಂದು ವಿಷಯ ಇದೆ. ಸಾಕೆಟ್ ರೀಡ್‌ನಲ್ಲಿ ನಿಂತ ಥ್ರೆಡ್‌ನ ಸ್ಟೇಟ್ ರನ್ನಬಲ್ (ಓಡುತ್ತಿದೆ) ಅಂತಲೇ ಬರುತ್ತದೆ. ಜೆವಿಎಂಗೆ ಅದು ಆಪರೇಟಿಂಗ್ ಸಿಸ್ಟಮ್ ಒಳಗೆ ಹೋಗಿದೆ ಅನ್ನುವುದಷ್ಟೇ ಗೊತ್ತು, ಅಲ್ಲಿ ಕಾಯುತ್ತಿದೆ ಅಂತ ಗೊತ್ತಿಲ್ಲ. ಸ್ಟೇಟ್ ಮಾತ್ರ ಎಣಿಸಿ ಚಾರ್ಟ್ ಬಿಡಿಸುವ ಟೂಲ್ ನೋಡಿದರೆ "ಹತ್ತು ಥ್ರೆಡ್ ಚೆನ್ನಾಗಿ ಕೆಲಸ ಮಾಡ್ತಿವೆ" ಅಂತ ಅನಿಸುತ್ತದೆ. ಮೇಲಿನ ಎರಡು ಮೂರು ಸಾಲು ಓದಲೇಬೇಕು.

ಆಗಿದ್ದು ಇಷ್ಟು. ಫೀಸ್ ಸೇವ್ ಮಾಡುವ ಟ್ರಾನ್ಸಾಕ್ಷನ್ ಒಳಗೇ ತಂದೆ ತಾಯಿಗೆ ಎಸ್ಸೆಮ್ಮೆಸ್ ಕಳಿಸುವ ಎಚ್‌ಟಿಟಿಪಿ ಕಾಲ್ ಇತ್ತು. ಎಸ್ಸೆಮ್ಮೆಸ್ ಗೇಟ್‌ವೇ ಬೆಳಗಿನ ಹೊತ್ತು ತುಂಬ ತಡವಾಗಿ ಉತ್ತರಿಸುತ್ತಿತ್ತು. ಆ ಕಾಲ್ ಮಾಡುವ ಸ್ಪ್ರಿಂಗ್‌ನ ರೆಸ್ಟ್ ಟೆಂಪ್ಲೇಟ್ ಅನ್ನು ಬರೀ ನ್ಯೂ ಅಂತ ಮಾಡಿಕೊಂಡಿದ್ದರು, ಅದಕ್ಕೆ ಟೈಮೌಟ್ ಇಟ್ಟಿರಲಿಲ್ಲ. ಇಡದಿದ್ದರೆ ಅದು ಎಷ್ಟು ಹೊತ್ತಾದರೂ ಕಾಯುತ್ತದೆ. ಗೇಟ್‌ವೇ ಉತ್ತರ ಕೊಡುವ ತನಕ ಡೇಟಾಬೇಸ್ ಕನೆಕ್ಷನ್ ಕೈಬಿಡುವುದಿಲ್ಲ. ಹತ್ತು ಕನೆಕ್ಷನ್ ಹೀಗೆ ಸಿಕ್ಕಿಕೊಂಡರೆ ಇಡೀ ಪಾಡ್ ನಿಂತ ಹಾಗೆ. ಉಳಿದ ರಿಕ್ವೆಸ್ಟ್‌ಗಳು ಹಿಕಾರಿಯ ಡಿಫಾಲ್ಟ್ ಕನೆಕ್ಷನ್ ಟೈಮೌಟ್ ಮುಗಿಯುವ ತನಕ ಕಾದು ಎರರ್ ಕೊಡುತ್ತಿದ್ದವು. ಆ ಟೈಮೌಟ್ 30 ಸೆಕೆಂಡ್. ತಡ ಆಗುತ್ತಿರುವುದು ಪ್ರತಿ ಸಲವೂ ಒಂದೇ ಸಂಖ್ಯೆಗೆ ಬಂದು ನಿಂತರೆ ಯಾವುದೋ ಟೈಮೌಟ್ ಅಂತ ಅನುಮಾನ ಪಡಿ. ಟಾಮ್‌ಕ್ಯಾಟ್ ಥ್ರೆಡ್ 800 ಮಾಡಿದ್ದರಿಂದ ಆದದ್ದು ಏನು? ಅದೇ ಹತ್ತು ಕನೆಕ್ಷನ್‌ಗೆ ಸಾಲು ನಿಲ್ಲುವವರು ನಾಲ್ಕು ಪಟ್ಟು ಆದರು.

ಪೋಸ್ಟ್‌ಗ್ರೆಸ್ ಕಡೆಯಿಂದ ನೋಡಿದ್ದರೂ ಗೊತ್ತಾಗುತ್ತಿತ್ತು. ಅದರ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಅನ್ನುವ ಪಟ್ಟಿಯಲ್ಲಿ ನಮ್ಮ ಕನೆಕ್ಷನ್‌ಗಳೆಲ್ಲ "ಐಡಲ್ ಇನ್ ಟ್ರಾನ್ಸಾಕ್ಷನ್" ಅಂತ ಇದ್ದವು. ಡೇಟಾಬೇಸ್‌ಗೆ ಕೆಲಸವೇ ಇಲ್ಲ, ಟ್ರಾನ್ಸಾಕ್ಷನ್ ಮಾತ್ರ ತೆರೆದೇ ಇದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಿಕಾರಿಯ ಪೆಂಡಿಂಗ್ ಮೆಟ್ರಿಕ್ (ಕನೆಕ್ಷನ್‌ಗೆ ಕಾಯುತ್ತಿರುವ ಥ್ರೆಡ್‌ಗಳ ಸಂಖ್ಯೆ) ಇಟ್ಟುಕೊಳ್ಳಿ. ಅದು ಸೊನ್ನೆ ಬಿಟ್ಟು ಮೇಲೆ ಹೋಗಿ ಅಲ್ಲೇ ನಿಂತರೆ ಅಲಾರಂ ಹೊಡೆಯಲಿ. ಸರಾಸರಿ ರೆಸ್ಪಾನ್ಸ್ ಟೈಮ್ ನಂಬಬೇಡಿ. ಲಾಗಿನ್ ಪೇಜ್, ಚಿತ್ರಗಳು ಎಲ್ಲ ಬೇಗ ಬರುವುದರಿಂದ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಫೀಸ್ ಕಟ್ಟುವ ಎಂಡ್‌ಪಾಯಿಂಟ್‌ನ ಪಿ99 (ನೂರರಲ್ಲಿ 99 ರಿಕ್ವೆಸ್ಟ್ ಇದರೊಳಗೆ ಮುಗಿಯುತ್ತವೆ ಅನ್ನುವ ಸಮಯ) ಬೇರೆಯಾಗಿ ನೋಡಬೇಕು.

ಸರಿಪಡಿಸುವಾಗಲೂ ಒಂದು ಗುಂಡಿ ಇದೆ. ಎಸ್ಸೆಮ್ಮೆಸ್ ಅನ್ನು ಕಮಿಟ್ (ಟ್ರಾನ್ಸಾಕ್ಷನ್ ಪಕ್ಕಾ) ಆದಮೇಲೆ ಕಳಿಸೋಣ ಅಂತ ಸ್ಪ್ರಿಂಗ್‌ನ ಆಫ್ಟರ್ ಕಮಿಟ್ ಲಿಸನರ್ ಹಾಕಿದರೆ ಸಾಲದು. ಕಮಿಟ್ ಆಗಿರುತ್ತದೆ ನಿಜ, ಆದರೆ ಆ ಲಿಸನರ್ ಅದೇ ಥ್ರೆಡ್‌ನಲ್ಲಿ ಓಡುತ್ತದೆ, ಕನೆಕ್ಷನ್ ಇನ್ನೂ ಪೂಲ್‌ಗೆ ವಾಪಸ್ ಹೋಗಿರುವುದಿಲ್ಲ. ನಾವು ಎಸ್ಸೆಮ್ಮೆಸ್ ಅನ್ನು ಒಂದು ಟೇಬಲ್‌ಗೆ ಬರೆದು ಬೇರೆ ವರ್ಕರ್ ಅದನ್ನು ಕಳಿಸುವ ಹಾಗೆ ಮಾಡಿದೆವು. ಹೊರಗೆ ಹೋಗುವ ಪ್ರತಿ ಕಾಲ್‌ಗೂ ಕನೆಕ್ಟ್, ರೀಡ್ ಎರಡೂ ಟೈಮೌಟ್ ಇಟ್ಟೆವು. ಪೂಲ್ ಗಾತ್ರ ಹತ್ತೇ ಉಳಿಯಿತು. ಹೀಪ್ ಹಳೆಯ ಅಳತೆಗೆ ಇಳಿಸಿದೆವು. ಬೆಳಿಗ್ಗೆ ಹತ್ತರ ಆ ಕಾಟ ಮತ್ತೆ ಬರಲಿಲ್ಲ.

ಮುಂದಿನ ಸಲಕ್ಕೆ ಅಂತ ಈಗ ಎಲ್ಲ ಪಾಡ್‌ನಲ್ಲೂ ಜೆವಿಎಂ ಒಳಗೆ ಏನಾಗುತ್ತಿದೆ ಅಂತ ಬರೆದಿಡುವ ಜೆಡಿಕೆ ಫ್ಲೈಟ್ ರೆಕಾರ್ಡರ್ ಸದಾ ಓಡುತ್ತಿರುತ್ತದೆ. ಮೊದಲು ಒರಾಕಲ್ ಜೆಡಿಕೆಯಲ್ಲಿ ಇದಕ್ಕೆ ಲೈಸೆನ್ಸ್ ಬೇಕಿತ್ತು. 2018ರಲ್ಲಿ ಬಂದ ಜೆಡಿಕೆ 11ರಿಂದ ಓಪನ್ ಸೋರ್ಸ್ ಆಯಿತು, ಜಾವಾ 8ಕ್ಕೂ 8ಯು262ರಲ್ಲಿ ಸೇರಿತು. ಡಿಫಾಲ್ಟ್ ಸೆಟ್ಟಿಂಗ್‌ನಲ್ಲೇ 20 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಡಿದ ಸಾಕೆಟ್ ರೀಡ್‌ಗಳನ್ನು ಸ್ಟ್ಯಾಕ್ ಸಮೇತ ಬರೆದಿಡುತ್ತದೆ. ಇದು ಆಗಲೇ ಇದ್ದಿದ್ದರೆ ಎಸ್ಸೆಮ್ಮೆಸ್ ಗೇಟ್‌ವೇ ಹೆಸರು ಅದರಲ್ಲಿ ನೇರವಾಗಿ ಕಾಣುತ್ತಿತ್ತು. ಜಾವಾ 21ರ ವರ್ಚುವಲ್ ಥ್ರೆಡ್ (ಜೆವಿಎಂ ತಾನೇ ನಡೆಸುವ ಹಗುರ ಥ್ರೆಡ್) ಬಳಸುವವರು ಒಂದು ಗಮನಿಸಿ: ಹಳೆಯ ಥರದ ಥ್ರೆಡ್ ಡಂಪ್‌ನಲ್ಲಿ ಅವು ಕಾಣುವುದಿಲ್ಲ, ಜೆಸಿಎಂಡಿಯ ಡಂಪ್ ಟು ಫೈಲ್ ಕಮಾಂಡೇ ಬೇಕು.

ಇನ್ನು ಉಳಿದದ್ದು ಆ ಹೀಪ್ ಡಂಪ್ ವಿಷಯ. ಮೊದಲನೆಯದು ಕಂಟೇನರ್ ಜೊತೆ ಹೋಯಿತು ಅಂದೆನಲ್ಲ. ಅದೇ ಸಂಜೆ ಅವರು ಇನ್ನೊಂದು ತೆಗೆದು ತಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಹೋಗಿದ್ದಾರೆ. ನಮಗೆ ಗೊತ್ತಾದದ್ದು ಆಮೇಲೆ. ಹೀಪ್ ಡಂಪ್ ಅಂದರೆ ಆ ಕ್ಷಣದಲ್ಲಿ ಮೆಮೊರಿಯಲ್ಲಿ ಇದ್ದ ಎಲ್ಲವೂ. ಮಕ್ಕಳ ಹೆಸರು, ತಂದೆ ತಾಯಿಯ ಫೋನ್ ನಂಬರ್, ಸೆಷನ್ ಟೋಕನ್, ಡೇಟಾಬೇಸ್ ಪಾಸ್‌ವರ್ಡ್, ಎಲ್ಲ ಓದುವ ಹಾಗೆ ಸ್ಟ್ರಿಂಗ್‌ಗಳಾಗಿ ಇರುತ್ತವೆ. ಡಿಸ್ಕ್ ಮೇಲೆ ಎನ್‌ಕ್ರಿಪ್ಟ್ ಮಾಡಿಟ್ಟರೂ ಇಲ್ಲಿ ಬಿಚ್ಚಿಕೊಂಡೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಡೇಟಾ ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳದಿದ್ದರೆ 250 ಕೋಟಿ ರೂಪಾಯಿ ತನಕ ದಂಡ ಇದೆ, ಹೊಣೆ ಡೇಟಾ ಇಟ್ಟುಕೊಂಡ ಕಂಪನಿಯದು. ನಾವು ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದೆವು, ಸೆಷನ್‌ಗಳನ್ನು ರದ್ದು ಮಾಡಿದೆವು. ಫೈಲ್ ಅಳಿಸಿದ್ದೇವೆ ಅಂತ ಬರೆದುಕೊಡಿ ಅಂದರೆ ಆ ಸಂಸ್ಥೆ ಇವತ್ತಿಗೂ ಕೊಟ್ಟಿಲ್ಲ.

ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಬರೆಸಿಕೊಳ್ಳಿ: ಹೀಪ್ ಡಂಪ್ ತೆಗೆಯಲೇಬೇಕಾದರೆ ಆ ಪಾಡ್‌ಗೆ ಟ್ರಾಫಿಕ್ ನಿಲ್ಲಿಸಿ, ಪ್ರೋಬ್ ಸಡಿಲಿಸಿ, ಬೇರೆ ವಾಲ್ಯೂಮ್‌ಗೆ ಬರೆದು, ನಿಮ್ಮದೇ ಮೆಷಿನ್ ಮೇಲೆ, ನಿಮ್ಮವರು ಪಕ್ಕದಲ್ಲಿದ್ದಾಗ ಮಾತ್ರ ತೆರೆಯಬೇಕು. ಅಪ್ಲಿಕೇಶನ್ ಸ್ಥಿತಿ ತೋರಿಸುವ ಸ್ಪ್ರಿಂಗ್ ಬೂಟ್ ಆಕ್ಚುವೇಟರ್‌ನ ಹೀಪ್ ಡಂಪ್ ಎಂಡ್‌ಪಾಯಿಂಟ್ ಹೊರಗಿನಿಂದ ತೆರೆಯುತ್ತಾ ಅಂತ ಇವತ್ತೇ ನಿಮ್ಮ ಮೊಬೈಲ್ ಬ್ರೌಸರ್‌ನಿಂದ ಒಂದು ಸಲ ನೋಡಿ. ತೆರೆದರೆ ಮೊದಲು ಅದನ್ನು ಮುಚ್ಚಿ.