ಗೋವಾಕ್ಕೆ ಡ್ರೋನ್ ತರುವ ಮುಂಚೆ ಇದನ್ನು ಓದಿ

ಹೋದ ದಸರಾ ರಜೆಗೆ ಅಕ್ಕ, ಭಾವ ಹುಬ್ಬಳ್ಳಿಯಿಂದ ವಾಸ್ಕೋದ ನಮ್ಮ ಮನೆಗೆ ಬಂದಿದ್ದರು. ಭಾವನ ಬ್ಯಾಗಿನಲ್ಲಿ ಹೊಸ ಡ್ರೋನ್. "ಬರೇ 249 ಗ್ರಾಂ ಐತೋ. ಇದಕ್ಕ ಯಾವ ಪರ್ಮಿಶನ್ನೂ ಬ್ಯಾಡಂತ, ಅಂಗಡಿಯವನ ಹೇಳ್ಯಾನ" ಅಂದರು. ಹನ್ನೊಂದು ವರ್ಷದಿಂದ ಇಲ್ಲೇ ಇರುವ ನಾನಾದರೂ ಯೋಚಿಸಬೇಕಿತ್ತು. ಸುಮ್ನೆ ಗಾಡಿ ತೆಗೆದು ಬೋಗ್ಮಾಲೋ ಬೀಚಿಗೆ ಕರೆದುಕೊಂಡು ಹೋದೆ.

ಬೋಗ್ಮಾಲೋ ಇರುವುದು ದಾಬೋಲಿಂ ಏರ್‌ಪೋರ್ಟಿನ ಮಗ್ಗುಲಲ್ಲೇ. ಆ ಏರ್‌ಪೋರ್ಟ್ ಇರುವುದೋ ಐಎನ್‌ಎಸ್ ಹಂಸ ಅನ್ನುವ ನೌಕಾಪಡೆಯ ನೆಲೆಯೊಳಗೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಡ್ರೋನಿನ ಆ್ಯಪ್ ಒಂದು ಹಳದಿ ಸೂಚನೆ ತೋರಿಸಿತು, ಭಾವ 'ಓಕೆ' ಒತ್ತಿದರು, ಅದು ಗುಂಯ್ ಅಂತ ಮೇಲೆದ್ದಿತು. ಆ್ಯಪೇ ಬಿಟ್ಟಿತಲ್ಲ, ಇನ್ನೇನು ಅಂದುಕೊಂಡೆವು. ಆ ಆ್ಯಪ್ ಡ್ರೋನ್ ಕಂಪನಿಯದು, ನಮ್ಮ ಸರ್ಕಾರದ್ದಲ್ಲ!

ಮೂರು ನಿಮಿಷವೂ ಆಗಿರಲಿಲ್ಲ. ಸಾದಾ ಬಟ್ಟೆಯ ಇಬ್ಬರು ಬಂದು "ನೀಚೆ ಉತಾರೋ" ಅಂದರು. ಆಮೇಲೆ ಠಾಣೆಯ ಬೆಂಚು, ನಾಲ್ಕು ಗಂಟೆ. ಮೊದಲ ಪ್ರಶ್ನೆಯೇ "ಬಿಲ್ ಎಲ್ಲಿ?" ಭಾವನ ಹತ್ತಿರ ಇದ್ದದ್ದು ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಗೀಚಿದ ರೇಟು. ಹೊರದೇಶದ ರೆಡಿಮೇಡ್ ಡ್ರೋನ್ ತರಿಸುವುದನ್ನು 2022ರ ಫೆಬ್ರವರಿಯಲ್ಲೇ ನಿಷೇಧಿಸಿದ್ದಾರೆ. ಅಂಗಡಿಯವನು ಬಿಲ್ ಯಾಕೆ ಕೊಡಲಿಲ್ಲ ಅಂತ ನಮಗೆ ಹೊಳೆದದ್ದು ಆಗಲೇ.

ಅವನ 249 ಗ್ರಾಮಿನ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನದು 'ನ್ಯಾನೋ', ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಎಲ್ಲಿ ಹಾರಿಸಬಹುದು ಅನ್ನುವುದಕ್ಕೂ ತೂಕಕ್ಕೂ ಸಂಬಂಧವಿಲ್ಲ. ಡ್ರೋನಿಗಾಗಿ ಆಕಾಶವನ್ನು ಮೂರು ಝೋನ್ ಮಾಡಿದ್ದಾರೆ: ರೆಡ್ ಝೋನಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಯೆಲ್ಲೋಗೆ ಏರ್ ಟ್ರಾಫಿಕ್ ಕಂಟ್ರೋಲಿನದು, ಗ್ರೀನ್‌ಗೆ ಅನುಮತಿ ಬೇಡ. ಏರ್‌ಪೋರ್ಟ್ ಗಡಿಯಿಂದ 8 ಕಿಲೋಮೀಟರ್ ಒಳಗೆ ಗ್ರೀನ್ ಅನ್ನುವುದೇ ಇಲ್ಲ. 8ರಿಂದ 12 ಕಿಲೋಮೀಟರ್ ನಡುವೆ ಗ್ರೀನ್ ಇದ್ದರೆ 200 ಅಡಿ ಎತ್ತರದವರೆಗೆ, ಅದರಾಚೆ ಗ್ರೀನ್ ಇದ್ದರೆ 400 ಅಡಿವರೆಗೆ. ಇದು ಸಾಲದ್ದಕ್ಕೆ, ನೌಕಾನೆಲೆಗಳ ಸುತ್ತ 3 ಕಿಲೋಮೀಟರ್ ಡ್ರೋನ್ ಹಾರಿಸಬಾರದು ಅಂತ ನೌಕಾಪಡೆ 2021ರಲ್ಲೇ ಹೇಳಿಯಾಗಿದೆ. ನಿಯಮ ಮುರಿದರೆ ದಂಡ ಒಂದು ಲಕ್ಷದವರೆಗೂ ಹೋಗಬಹುದು.

ಇನ್ನೊಂದು ತಮಾಷೆ ಕೇಳಿ. ಮಗ ರೆಕ್ಕೆಗೆ ಕೈ ಹಾಕಿಯಾನು ಅಂತ ಭಾವ ಪ್ಲಾಸ್ಟಿಕ್ ಗಾರ್ಡ್ ಸಿಕ್ಕಿಸಿದ್ದರು. ಠಾಣೆಯಲ್ಲಿ ತೂಕಕ್ಕಿಟ್ಟರೆ 250 ದಾಟಿತ್ತು! ಅಲ್ಲಿಗೆ ಅದು ನ್ಯಾನೋ ಅಲ್ಲ, ಮೈಕ್ರೋ. ಮತ್ತೆ ಪ್ರಶ್ನೆಗಳು ಶುರು.

ವಿಡಿಯೋದಲ್ಲಿ ಬರೀ ಸಮುದ್ರ, ನಮ್ಮ ಛತ್ರಿ, ಅಕ್ಕನ ತಲೆ ಇದ್ದದ್ದರಿಂದ ಬರೆಸಿಕೊಂಡು ನಮ್ಮನ್ನು ಬಿಟ್ಟರು. ಡ್ರೋನ್ ಬಿಡಲಿಲ್ಲ. ಭಾವ ಅಂಗಡಿಗೆ ಫೋನ್ ಮಾಡಿದರೆ, "ಸರ್, ಗೋವಾದಾಗ ಹಾರಿಸ್ರಿ ಅಂತ ನಾ ಹೇಳಿದ್ನೇನ್ರೀ?" ಅಂದನಂತೆ.

ನೀವು ಬರುವುದಾದರೆ ಈ ಝೋನುಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ವೆಬ್‌ಸೈಟಿನ ನಕ್ಷೆಯನ್ನು ಹೊರಡುವ ದಿನವೇ ನೋಡಿ, ಝೋನ್ ಬದಲಾಗುತ್ತಿರುತ್ತದೆ. ಬೀಚಿನಲ್ಲಿ ನಿಂತ ಮೇಲೆ ನೋಡುತ್ತೇನೆ ಅನ್ನಬೇಡಿ, ಬೋಗ್ಮಾಲೋದಲ್ಲಿ ನನ್ನ ಫೋನಿಗೆ ಸರಿಯಾಗಿ ನೆಟ್‌ವರ್ಕೇ ಸಿಗಲಿಲ್ಲ.