ಅತ್ತೆಯ ಮೀಸೆ, ನಾಲ್ಕು ಸಾಫ್ಟ್‌ವೇರ್

ನಮ್ಮ ಅತ್ತೆಗೆ ಮೀಸೆ ಬರೆದವರು ನಮ್ಮ ಚಿಕ್ಕಪ್ಪ. 1978ರಲ್ಲಿ ಅತ್ತೆ ಕಾಲೇಜಿನ ಖೋ-ಖೋ ತಂಡದ ನಾಯಕಿ. ಶೀಲ್ಡ್ ಹಿಡಿದು ನಿಂತ ಅವರ ಫೋಟೋ ಒಂದು ವಾರಪತ್ರಿಕೆಯಲ್ಲಿ ಬಂದಿತ್ತು. ಆಗ ಚಿಕ್ಕಪ್ಪನಿಗೆ ಐದನೇ ಕ್ಲಾಸು. ಪತ್ರಿಕೆ ಮನೆಗೆ ಬಂದ ವಾರವೇ ನೀಲಿ ಬಾಲ್‌ಪೆನ್ನಿನಲ್ಲಿ ಒಂದು ಗಿರಿಜಾ ಮೀಸೆ ಎಳೆದುಬಿಟ್ಟಿದ್ದಾರೆ. ಮೂಲ ಫೋಟೋ ಎಲ್ಲೂ ಇಲ್ಲ. ಉಳಿದಿರುವುದು ಈ ಹಾಳೆ ಒಂದೇ. ಅದೂ ಹಳದಿಗಟ್ಟಿದೆ, ನಡುವೆ ಮಡಿಕೆಯ ಗೆರೆ ಬಿದ್ದಿದೆ, ಮೂಲೆಯಲ್ಲಿ ಪಿನ್ನಿನ ತುಕ್ಕು ಹತ್ತಿದೆ.

"ಮೀಸೆ ತೆಗಿ ಸಾಕು ಕಣೋ. ಮುಖಕ್ಕೆ ಪೌಡರ್ ಬಳಿದ ಹಾಗೆ ಮಾಡಬೇಡ" ಅಂತ ಅತ್ತೆ ಮೊದಲೇ ಹೇಳಿದ್ದರು.

ಈ ಒಂದೇ ಹಾಳೆಯನ್ನು ಸ್ಕ್ಯಾನ್ ಮಾಡಿ, ಫೋಟೋ ತಿದ್ದುವ ನಾಲ್ಕು ಸಾಫ್ಟ್‌ವೇರಿನಲ್ಲಿ ರಿಪೇರಿ ಮಾಡಿ ನೋಡಿದೆ: ಜಿಂಪ್, ಫೋಟೋಪಿಯಾ, ಫೋಟೋಶಾಪ್ ಮತ್ತು ಅಫಿನಿಟಿ ಫೋಟೋ. ಮೊದಲ ಎರಡು ನನ್ನ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ, 8 ಜಿಬಿ ರ‍್ಯಾಮ್. ಫೋಟೋಶಾಪ್ ಗೆಳೆಯನ ಮನೆಯಲ್ಲಿ. ಅಫಿನಿಟಿ ಭಾವನ ವಿಂಡೋಸ್ ಕಂಪ್ಯೂಟರಿನಲ್ಲಿ, ಅವರು ಹಿಂದೆ ದುಡ್ಡು ಕೊಟ್ಟು ತಗೊಂಡಿದ್ದ ಎರಡನೇ ಆವೃತ್ತಿ.

ಸ್ಕ್ಯಾನಿಂಗ್ ಬಗ್ಗೆ ಎರಡೇ ಮಾತು. ಹಾಳೆಯ ಹಿಂದೆ ಕಪ್ಪು ಕಾಗದ ಇಡಿ. ಇಲ್ಲದಿದ್ದರೆ ಹಿಂಬದಿ ಪುಟದ ಜಾಹೀರಾತಿನ ಅಕ್ಷರಗಳು ಅತ್ತೆಯ ಹಣೆ ಮೇಲೆ ಕಾಣಿಸುತ್ತವೆ. ಕಪ್ಪು-ಬಿಳುಪು ಫೋಟೋ ಆದರೂ ಕಲರ್‌ನಲ್ಲೇ, 600 ಡಿಪಿಐನಲ್ಲಿ (ಇಂಚಿಗೆ 600 ಪಿಕ್ಸೆಲ್) ಸ್ಕ್ಯಾನ್ ಮಾಡಿ. ಕಲರ್ ಯಾಕೆ ಅನ್ನುವುದು ಮೀಸೆಯ ಹತ್ತಿರ ಬಂದಾಗ ಗೊತ್ತಾಗುತ್ತದೆ.

ಮೊದಲು ಚುಕ್ಕಿಗಳು

ಪತ್ರಿಕೆಯಲ್ಲಿರುವುದು ನಿಜಕ್ಕೂ ಫೋಟೋ ಅಲ್ಲ, ಚುಕ್ಕಿಗಳ ರಂಗೋಲಿ. ಕಪ್ಪು ಜಾಗದಲ್ಲಿ ದೊಡ್ಡ ಚುಕ್ಕಿ, ಬೆಳಕಿನ ಜಾಗದಲ್ಲಿ ಸಣ್ಣ ಚುಕ್ಕಿ. ಭೂತಗನ್ನಡಿ ಹಿಡಿದು, ಸ್ಕೇಲನ್ನು ಓರೆಯಾಗಿಟ್ಟು ಎಣಿಸಿದೆ. ಒಂದು ಸೆಂಟಿಮೀಟರಿಗೆ ಸುಮಾರು 33 ಚುಕ್ಕಿ, ಅಂದರೆ ಇಂಚಿಗೆ ಹತ್ತಿರ ಹತ್ತಿರ 85. ನ್ಯೂಸ್‌ಪ್ರಿಂಟ್ ಕಾಗದಕ್ಕೆ ಮಾಮೂಲಾಗಿ ಬಳಸುತ್ತಿದ್ದ ಲೆಕ್ಕ ಅದು. ನಯವಾದ ಆರ್ಟ್ ಪೇಪರ್ ಆದರೆ 133, 150ರವರೆಗೂ ಹೋಗುತ್ತದೆ.

ಈಗ ಸ್ವಲ್ಪ ಗಣಿತ. ಫೋಟೋದ ಅಳತೆ 9×12 ಸೆಂಟಿಮೀಟರ್. ಸ್ಕ್ಯಾನರ್ ಕೊಟ್ಟಿದ್ದು 2126×2835 ಪಿಕ್ಸೆಲ್. ನೋಡೋಕೆ ಭಾರಿ ಸಂಖ್ಯೆ. ಆದರೆ ಕಾಗದದ ಮೇಲೆ ಇರುವುದು ಅಡ್ಡಕ್ಕೆ 300, ಉದ್ದಕ್ಕೆ 400 ಚುಕ್ಕಿ ಅಷ್ಟೇ. ಅತ್ತೆಯ ಮುಖದ ಅಗಲಕ್ಕೆ ಬಂದಿರುವುದು 80 ಚಿಲ್ಲರೆ ಚುಕ್ಕಿ. ಯಾವ ಸಾಫ್ಟ್‌ವೇರ್ ತಂದರೂ ಇದಕ್ಕಿಂತ ಜಾಸ್ತಿ ಅತ್ತೆ ಆ ಹಾಳೆಯಲ್ಲಿ ಇಲ್ಲ. ಇದು ತಲೆಯಲ್ಲಿದ್ದರೆ ಅರ್ಧ ತಪ್ಪು ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ ನಾನು ಕಷ್ಟಪಟ್ಟು ಕಲಿತದ್ದು. ಚುಕ್ಕಿ ತೆಗೆಯದೆ ಮಡಿಕೆ ಮುಚ್ಚಲು ಹೋಗಬಾರದು. ಪಕ್ಕದಿಂದ ತಂದ ತುಂಡಿನ ಚುಕ್ಕಿ ಸಾಲು ಇಲ್ಲಿಯ ಸಾಲಿಗೆ ಕೂರುವುದಿಲ್ಲ. ಹೆಂಚಿನ ಮಾಡಿನಲ್ಲಿ ಒಂದು ಹೆಂಚು ಸೊಟ್ಟ ಕೂತ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಮೊದಲ ದಿನ ಎರಡು ಗಂಟೆ ಕೂತು ಮಾಡಿದ್ದನ್ನೆಲ್ಲ ಬಿಸಾಕಿದೆ.

ಚುಕ್ಕಿ ತೆಗೆಯುವುದರಲ್ಲಿ ಅಫಿನಿಟಿ ಎಲ್ಲರಿಗಿಂತ ಮುಂದೆ, ಅದರಲ್ಲಿ ಅನುಮಾನವೇ ಇಲ್ಲ. ಅದರಲ್ಲಿ 'ಎಫ್‌ಎಫ್‌ಟಿ ಡಿನಾಯ್ಸ್' ಅಂತ ಒಂದು ಫಿಲ್ಟರ್ ಇದೆ. ತೆರೆದರೆ ಫೋಟೋ ಬದಲು ರಾತ್ರಿ ಆಕಾಶದಂಥ ಚಿತ್ರ ಕಾಣುತ್ತದೆ. ನಡುವೆ ದೊಡ್ಡ ಬೆಳಕು, ಸುತ್ತ ಒಂದಷ್ಟು ನಕ್ಷತ್ರ. ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ ಚುಕ್ಕಿಗಳೇ ಆ ನಕ್ಷತ್ರಗಳು. ಅವುಗಳ ಮೇಲೆ ಬ್ರಷ್ ಒತ್ತಿದರೆ ಚುಕ್ಕಿ ಹೋಗುತ್ತದೆ, ಕಣ್ಣಿನ ರೆಪ್ಪೆ, ಸೀರೆಯ ಅಂಚು ಉಳಿಯುತ್ತವೆ. ನಡುವಿನ ಬೆಳಕನ್ನು ಮಾತ್ರ ಮುಟ್ಟಬಾರದು, ಇಡೀ ಫೋಟೋದ ನೆರಳು-ಬೆಳಕು ಅಲ್ಲೇ ಇರುವುದು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಭಾವ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಾ, ಇಂಥದ್ದೊಂದು ಇದೆ ಅಂತ ನನಗೇ ಗೊತ್ತಿರಲಿಲ್ಲ ಅಂದರು. ಆದರೆ ಪುಟ ಹೊಲಿದ ಕಡೆ ಕಾಗದ ಸ್ವಲ್ಪ ಬಾಗಿತ್ತು. ಅಲ್ಲಿ ಚುಕ್ಕಿಗಳ ಅಂತರವೇ ಬೇರೆಯಾದ್ದರಿಂದ ಅಂಚಿನಲ್ಲಿ ಅವು ಮಸುಕಾಗಿ ಉಳಿದವು.

ಜಿಂಪ್‌ನಲ್ಲಿ ದಾರಿ ಬೇರೆ. ಅದರಲ್ಲಿ 'ವೇವ್ಲೆಟ್ ಡಿಕಂಪೋಸ್' ಇದೆ, 2018ರಲ್ಲಿ ಬಂದ 2.10 ಆವೃತ್ತಿಯಿಂದ ಜೊತೆಗೇ ಬರುತ್ತದೆ. ಇದು ಫೋಟೋವನ್ನು ಲೇಯರ್‌ಗಳಾಗಿ, ಅಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳ ಹಾಗೆ, ಸೋಸಿ ಇಡುತ್ತದೆ. ಜರಡಿ ಹಿಡಿದ ಹಾಗೆ: ತೀರಾ ಸಣ್ಣ ವಿವರ ಒಂದರಲ್ಲಿ, ಅದಕ್ಕಿಂತ ದಪ್ಪದ್ದು ಇನ್ನೊಂದರಲ್ಲಿ, ಕೊನೆಗೆ ಮಸುಕಾದ ಬಣ್ಣ ಮಾತ್ರ ಉಳಿದ ಲೇಯರ್. ನನ್ನ ಸ್ಕ್ಯಾನಿನಲ್ಲಿ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ 7 ಪಿಕ್ಸೆಲ್ ದೂರ. ಹಾಗಾಗಿ ಚುಕ್ಕಿಗಳೆಲ್ಲ ಹೆಚ್ಚುಕಡಿಮೆ ಎರಡು ಮತ್ತು ಮೂರನೇ ಲೇಯರಿನಲ್ಲಿ ಸಿಕ್ಕವು. ಆ ಎರಡರ ಒಪಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವುದು) ಇಳಿಸಿದೆ, ಕಣ್ಣು ಮತ್ತು ಶೀಲ್ಡಿನ ಹತ್ತಿರ ಮಾಸ್ಕ್ (ಲೇಯರಿನ ಯಾವ ಭಾಗ ಕಾಣಬೇಕು, ಯಾವುದು ಬೇಡ ಅಂತ ಹೇಳುವ ಮುಸುಕು) ಹಾಕಿ ಸ್ವಲ್ಪ ಉಳಿಸಿಕೊಂಡೆ. ಅಫಿನಿಟಿಯಷ್ಟು ಚೊಕ್ಕ ಅಲ್ಲ. ಆದರೆ ಎಲ್ಲಿ ಎಷ್ಟು ಅನ್ನುವುದು ಪೂರ್ತಿ ನನ್ನ ಕೈಯಲ್ಲಿತ್ತು.

ಫೋಟೋಶಾಪ್ ಮತ್ತು ಫೋಟೋಪಿಯಾ ಎರಡರಲ್ಲೂ ನಾನು ಮಾಡಿದ್ದು ಹಳೇ ಪದ್ಧತಿ. ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ (ಮೂಲ ಕೆಡದ ಹಾಗೆ ಕಟ್ಟಿಟ್ಟು) ಗಾಸಿಯನ್ ಬ್ಲರ್ ಕೊಟ್ಟು ಮಸುಕು ಮಾಡುವುದು, ಆಮೇಲೆ ಅಳತೆ ಅರ್ಧಕ್ಕೆ ಇಳಿಸುವುದು. ಬ್ಲರ್ ಎಷ್ಟು ಅನ್ನುವುದನ್ನು ನಾಳೆ ಬಂದು ಬದಲಿಸಬಹುದು, ಅದೊಂದು ಅನುಕೂಲ. ಆದರೆ ಚುಕ್ಕಿಯ ಜೊತೆ ರೆಪ್ಪೆಯೂ ಹೋಗುತ್ತದೆ. ನಿಮ್ಮ ಸ್ಕ್ಯಾನರಿನಲ್ಲೇ 'ಡಿಸ್ಕ್ರೀನ್' ಅನ್ನುವ ಆಯ್ಕೆ ಇದ್ದರೆ ಅದೂ ಸುಮಾರು ಇಷ್ಟೇ ಕೆಲಸ ಮಾಡುತ್ತದೆ. ಅವಸರ ಇದ್ದರೆ ಅದೇ ಸಾಕು.

ಮೀಸೆ

ಇಲ್ಲಿ ಕಲರ್ ಸ್ಕ್ಯಾನ್ ಕೈಹಿಡಿಯಿತು. ಕಲರ್ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಚಾನೆಲ್ ಇರುತ್ತವಲ್ಲ, ಒಂದೊಂದನ್ನೇ ಬಿಡಿಯಾಗಿ ನೋಡಿದೆ. ಕೆಂಪು ಚಾನೆಲ್‌ನಲ್ಲಿ ಕಾಗದದ ಹಳದಿ ಹೆಚ್ಚುಕಡಿಮೆ ಮಾಯ, ಹೊಸ ಪತ್ರಿಕೆ ಥರ ಬೆಳ್ಳಗಿದೆ. ಆದರೆ ಮೀಸೆ ಮಾತ್ರ ಕಡುಕಪ್ಪು. ನೀಲಿ ಚಾನೆಲ್‌ನಲ್ಲಿ ತಿರುಗಾಮುರುಗಾ. ಹಳದಿ ಕಲೆಗಳೆಲ್ಲ ಕೊಳಕಾಗಿ ಎದ್ದು ಕಾಣುತ್ತವೆ, ನೀಲಿ ಶಾಯಿಯ ಮೀಸೆ ಅಲ್ಲೆಲ್ಲೋ ಮಂಜಿನಲ್ಲಿ ಕಂಡ ಹಾಗೆ ಮಸುಕಾಗಿದೆ.

ಸರಿ, ಎರಡನ್ನೂ ಲೇಯರ್ ಮಾಡಿದೆ. ಕೆಳಗೆ ಕೆಂಪು, ಮೇಲೆ ನೀಲಿ. ಮೇಲಿನದಕ್ಕೆ ಪೂರ್ತಿ ಕಪ್ಪು ಮಾಸ್ಕ್. ಮಾಸ್ಕಿನಲ್ಲಿ ಕಪ್ಪು ಬಳಿದ ಕಡೆ ಲೇಯರ್ ಮರೆ, ಬಿಳಿ ಬಳಿದ ಕಡೆ ಪ್ರತ್ಯಕ್ಷ. ಮೀಸೆಯ ಮೇಲಷ್ಟೇ ಬಿಳಿ ಬ್ರಷ್. ನೀಲಿ ತುಂಡು ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿತ್ತು, ಅದೊಂದಕ್ಕೇ ಕರ್ವ್ಸ್ (ನೆರಳು-ಬೆಳಕು ಏರಿಳಿಸುವ ಸಲಕರಣೆ) ಹಾಕಿ ಬೆಳಕು ಏರಿಸಿದೆ. ಮೀಸೆ ಹೋಯಿತು. ಅದರ ಕೆಳಗಿದ್ದ ತುಟಿ ನಿಜವಾದ ತುಟಿಯೇ, ನಾನು ಬರೆದದ್ದಲ್ಲ. ಚಿಕ್ಕಪ್ಪ ಪೆನ್ನನ್ನು ಒತ್ತಿ ಎಳೆದಿದ್ದರಿಂದ ಕಾಗದದಲ್ಲಿ ತೆಳುವಾದ ಗೀರು ಉಳಿದಿತ್ತು. ಅದಕ್ಕೆ ಮಾತ್ರ ಬೇರೆ ಲೇಯರಿನಲ್ಲಿ ಹೀಲಿಂಗ್, ಅಂದರೆ ಸುತ್ತಲಿನ ಬಣ್ಣಕ್ಕೆ ಹೊಂದುವ ತೇಪೆ, ಬೇಕಾಯಿತು.

ಈ ಕೆಲಸ ನಾಲ್ಕರಲ್ಲೂ ಆಗುತ್ತದೆ. ಜಿಂಪ್‌ನಲ್ಲಿ 'ಡಿಕಂಪೋಸ್' ಕೊಟ್ಟರೆ ಮೂರು ಚಾನೆಲ್ ಮೂರು ಲೇಯರ್ ಆಗಿ ತಾವೇ ಬಂದು ಕೂರುತ್ತವೆ, ಆದ್ದರಿಂದ ನನಗೆ ಅಲ್ಲೇ ಸಲೀಸು ಅನ್ನಿಸಿತು. ಕರ್ವ್ಸ್ ವಿಷಯದಲ್ಲಿ ಜಿಂಪ್ ಮೊದಲು ಹಿಂದಿತ್ತು. ಒಮ್ಮೆ ಹಾಕಿದರೆ ಪಿಕ್ಸೆಲ್ಲೇ ಬದಲಾಗಿಬಿಡುತ್ತಿತ್ತು. 2025ರ ಮಾರ್ಚಿನಲ್ಲಿ ಬಂದ 3.0ರಲ್ಲಿ ಆ ಕೊರತೆ ತೀರಿದೆ. ಈಗ ಕರ್ವ್ಸ್ ಲೇಯರಿಗೆ ಅಂಟಿಕೊಂಡಿರುತ್ತದೆ, ಬೇಕೆಂದಾಗ ತೆರೆದು ತಿದ್ದಬಹುದು. ಫೋಟೋಶಾಪ್‌ನವರು ಅಡ್ಜಸ್ಟ್‌ಮೆಂಟ್ ಲೇಯರ್ ಅಂತ ಇದೇ ಸೌಕರ್ಯ ಕೊಟ್ಟಿದ್ದು 1996ರಲ್ಲಿ, ನೆನಪಿರಲಿ. ಜಿಂಪ್‌ನ ಮೊದಲ ಆವೃತ್ತಿ ಹೊರಬಂದದ್ದೂ ಅದೇ ವರ್ಷ. ಅಂತೂ ಬಂತಲ್ಲ!

ಮಡಿಕೆ, ತುಕ್ಕು ಮತ್ತು ಒಂದು ಮಚ್ಚೆ

ನನ್ನ ಲೇಯರ್ ಸಾಲು ಹೀಗಿತ್ತು. ಎಲ್ಲಕ್ಕಿಂತ ಕೆಳಗೆ ಮುಟ್ಟದ ಸ್ಕ್ಯಾನ್, ಬೀಗ ಹಾಕಿದ್ದು. ಅದರ ಮೇಲೆ ಚುಕ್ಕಿ ತೆಗೆದ ಕೆಂಪು ಚಾನೆಲ್, ಮೀಸೆಯ ನೀಲಿ ತುಂಡು, ರಿಪೇರಿಗೆ ಒಂದು ಖಾಲಿ ಲೇಯರ್, ತುದಿಯಲ್ಲಿ ಕರ್ವ್ಸ್.

ಖಾಲಿ ಲೇಯರ್ ಮೇಲೆ ಹೀಲಿಂಗ್ ಮಾಡುವುದರಲ್ಲಿ ಫೋಟೋಶಾಪ್ ಗೆಲ್ಲುತ್ತದೆ. ಹೀಲಿಂಗ್ ಬ್ರಷ್ 2002ರ ಏಳನೇ ಆವೃತ್ತಿಯಿಂದ ಇದೆ. 'ಕರೆಂಟ್ ಆ್ಯಂಡ್ ಬಿಲೋ' ಅಂತ ಇಟ್ಟುಕೊಂಡರೆ ಕೆಳಗಿನದನ್ನು ನೋಡಿಕೊಂಡು ಖಾಲಿ ಲೇಯರಿನಲ್ಲಿ ತೇಪೆ ಹಾಕುತ್ತದೆ. ಮಡಿಕೆಯ ಉದ್ದಕ್ಕೂ ಎಳೆದೆ, ಸೀರೆಯ ನೆರಿಗೆ ಕೂಡ ಸರಿಯಾಗಿ ಕೂತಿತು. ಇಲ್ಲಿ 'ಆಲ್ ಲೇಯರ್ಸ್' ಇಟ್ಟರೆ ಎಡವುತ್ತೀರಿ. ಮೇಲಿನ ಕರ್ವ್ಸ್ ಸಮೇತ ನಕಲಾಗಿ, ಆ ತೇಪೆಗೆ ಕರ್ವ್ಸ್ ಎರಡು ಸಲ ಬಿದ್ದು ಬೆಳ್ಳಗೆ ಹೊಳೆಯುತ್ತದೆ. ಅಫಿನಿಟಿಯ ಇನ್‌ಪೇಂಟಿಂಗ್ ಬ್ರಷ್ಷೂ ಹೀಗೇ ಖಾಲಿ ಲೇಯರಿನಲ್ಲಿ ಕೆಲಸ ಮಾಡುತ್ತದೆ. ಹಿನ್ನೆಲೆಯ ಗೋಡೆ, ಮೈದಾನಕ್ಕೆ ತುಂಬಾ ಚೆನ್ನ. ನೆರಿಗೆಯ ಹತ್ತಿರ ಮಾತ್ರ ಎರಡು ಮೂರು ಸಲ ಎಳೆಯಬೇಕಾಯಿತು.

ಜಿಂಪ್‌ನಲ್ಲಿ ಖಾಲಿ ಲೇಯರಿನ ಮೇಲೆ ಹೀಲ್ ನನ್ನ ಕೈಗೆ ಒಗ್ಗಲಿಲ್ಲ. ಕ್ಲೋನ್ (ಪಕ್ಕದ ತುಂಡನ್ನು ಇದ್ದಹಾಗೇ ನಕಲು ಮಾಡುವ ಬ್ರಷ್) ಆದರೆ 'ಸ್ಯಾಂಪಲ್ ಮರ್ಜ್ಡ್' ಗುರುತು ಹಾಕಿ ಖಾಲಿ ಲೇಯರಿನಲ್ಲಿ ಮಾಡಿದೆ. ಹೀಲ್‌ಗೆ ಲೇಯರಿನ ನಕಲು ತೆಗೆದು, ಅದಕ್ಕೆ ಮಾಸ್ಕ್ ಹಾಕಿ ಸುಧಾರಿಸಿದೆ. ಸುತ್ತು ದಾರಿ, ಊರು ಸೇರುತ್ತದೆ. ದೊಡ್ಡ ಹರುಕು ಇದ್ದರೆ ಸುತ್ತಲಿನದನ್ನು ನೋಡಿ ಖಾಲಿ ಜಾಗ ತುಂಬುವ 'ರೀಸಿಂಥಸೈಜರ್' ಪ್ಲಗಿನ್ ಹಾಕಿಕೊಳ್ಳಿ.

ಫೋಟೋಪಿಯಾ ನನಗೆ ಆಶ್ಚರ್ಯ ತಂದದ್ದು. ಬ್ರೌಸರಿನಲ್ಲೇ ತೆರೆಯುತ್ತದೆ, ಇನ್‌ಸ್ಟಾಲ್ ಬೇಡ, ದುಡ್ಡು ಬೇಡ, ಪಕ್ಕದಲ್ಲಿ ಜಾಹೀರಾತು ಇರುತ್ತದೆ ಅಷ್ಟೆ. ಫೈಲು ಯಾವ ಸರ್ವರಿಗೂ ಹೋಗುವುದಿಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಲೇಯರ್, ಮಾಸ್ಕ್, ಅಡ್ಜಸ್ಟ್‌ಮೆಂಟ್ ಎಲ್ಲ ಫೋಟೋಶಾಪ್ ಮಾದರಿಯಲ್ಲೇ ಇವೆ. ಪಿಎಸ್‌ಡಿ (ಫೋಟೋಶಾಪಿನ ಫೈಲ್ ಮಾದರಿ) ಉಳಿಸಿಕೊಂಡು ಗೆಳೆಯನ ಮನೆಯ ಫೋಟೋಶಾಪಿನಲ್ಲಿ ತೆರೆದರೆ ಲೇಯರ್‌ಗಳು ಹಾಗೇ ಬಂದವು. ನಾನು ಮಾಡಿದ ಪೆದ್ದುತನ ಅಂದರೆ ಇಡೀ ಪುಟವನ್ನೇ ತೆರೆದದ್ದು. ಎ4 ಪುಟ 600 ಡಿಪಿಐ ಅಂದರೆ ಒಂದೊಂದು ಲೇಯರಿಗೆ 100 ಎಂಬಿ ದಾಟುತ್ತದೆ. ನನ್ನ ಬಡಪಾಯಿ ಲ್ಯಾಪ್‌ಟಾಪು ಏದುಸಿರು ಬಿಟ್ಟಿತು. ಫೋಟೋ ಮಾತ್ರ ಕತ್ತರಿಸಿ ತಂದ ಮೇಲೆ ತೊಂದರೆ ಇಲ್ಲ. ಆಗಾಗ ಉಳಿಸಿಕೊಳ್ಳಿ. ಟ್ಯಾಬ್ ಮುಚ್ಚಿದರೆ ಕೆಲಸವೂ ಮುಚ್ಚಿಹೋಗುತ್ತದೆ, ಒಂದು ಸಂಜೆ ಹಾಗೆ ಕಳೆದುಕೊಂಡಿದ್ದೇನೆ.

ಇನ್ನು ಮಚ್ಚೆ. ಧೂಳಿನ ಚುಕ್ಕೆ ಒಂದೊಂದೇ ತೆಗೆಯಲು ಬೇಜಾರಾಗಿ 'ಡಸ್ಟ್ ಆ್ಯಂಡ್ ಸ್ಕ್ರ್ಯಾಚಸ್' ಹಾಕಿದೆ. ಥ್ರೆಶೋಲ್ಡ್, ಅಂದರೆ ಯಾವುದನ್ನು ಧೂಳು ಅನ್ನಬೇಕು ಅನ್ನುವ ಮಿತಿ, ಸರಿಯಾಗಿ ನೋಡಲಿಲ್ಲ, ನನ್ನದೇ ತಪ್ಪು. ಅತ್ತೆಗೆ ವಾಟ್ಸಾಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್.

"ಗಲ್ಲದ ಮೇಲಿನ ಮಚ್ಚೆ ಎಲ್ಲೋ?"

ಅವರ ಮಚ್ಚೆ ಆ ಹಾಳೆಯಲ್ಲಿ ಮೂರು ಚುಕ್ಕಿ ದಪ್ಪ. ಫಿಲ್ಟರಿಗೆ ಅದು ಧೂಳು. ಪುಣ್ಯಕ್ಕೆ ಫಿಲ್ಟರ್ ಹಾಕಿದ್ದು ನಕಲು ಲೇಯರಿಗೆ. ಮಾಸ್ಕ್ ಸೇರಿಸಿ, ಗಲ್ಲದ ಮೇಲೆ ಕಪ್ಪು ಬ್ರಷ್ಷಿನಿಂದ ಒಮ್ಮೆ ಒತ್ತಿದೆ. ಮಚ್ಚೆ ವಾಪಸ್.

ಇದಾದ ಮೇಲೆ ಗೆಳೆಯ, ಯಾಕೆ ಇಷ್ಟು ಒದ್ದಾಡ್ತೀಯ, ಎಐಗೆ ಕೊಡು ಅಂದ. ಒಂದು ಆ್ಯಪ್‌ಗೆ ಕೊಟ್ಟೆವು. ಅರೆ ನಿಮಿಷದಲ್ಲಿ ಬಂತು, ಕಣ್ಣು ಫಳಫಳ, ಕೂದಲು ಎಳೆ ಎಳೆಯಾಗಿ. ಬಲು ಚೆಂದದ ಹುಡುಗಿ, ಆದರೆ ನಮ್ಮ ಮನೆಯವಳಲ್ಲ. 80 ಚುಕ್ಕಿಯಲ್ಲಿ ಇಲ್ಲದ ರೆಪ್ಪೆಯನ್ನು ಅದು ಎಲ್ಲಿಂದ ತರಬೇಕು? ಬೇರೆ ಯಾರದೋ ತಂದಿತ್ತು. ಡಿಲೀಟ್ ಮಾಡಿದೆ.

ಕಲರ್ ಪುಟ ಒಂದು

ಸುಮ್ನೆ ಕುತೂಹಲಕ್ಕೆ ಹಳೆಯ ದೀಪಾವಳಿ ವಿಶೇಷಾಂಕದ ಒಂದು ರಕ್ಷಾಪುಟವನ್ನೂ ಹಿಡಿದೆ. ಇಲ್ಲಿ ನಾಲ್ಕು ಶಾಯಿ, ನಾಲ್ಕು ಕೋನದಲ್ಲಿ ಚುಕ್ಕಿ. ಮಾಮೂಲಾಗಿ ಕಪ್ಪು 45 ಡಿಗ್ರಿ, ಸಯಾನ್ 15, ಮಜೆಂತಾ 75, ಹಳದಿ 0. ನಾಲ್ಕೂ ಸೇರಿ ಸಣ್ಣ ಸಣ್ಣ ಹೂವಿನಂತೆ ಕಾಣುತ್ತವೆ. ಎಫ್‌ಎಫ್‌ಟಿ ತೆರೆದರೆ ಆಕಾಶದ ತುಂಬ ನಕ್ಷತ್ರ. ಮುಕ್ಕಾಲು ಗಂಟೆ ಒತ್ತಿ ಒತ್ತಿ ಕೈ ಸೋತಿತು. ಜಿಂಪ್‌ನ ವೇವ್ಲೆಟ್ ದಾರಿಯೇ ಇಲ್ಲಿ ಬೇಗ ಮುಗಿಯಿತು. ಮಜೆಂತಾ ಸ್ವಲ್ಪ ಸರಿದು ಅಚ್ಚಾಗಿದ್ದರಿಂದ ದೀಪದ ಅಂಚಿಗೆ ಗುಲಾಬಿ ನೆರಳಿತ್ತು. ಮಜೆಂತಾ ಶಾಯಿ ಹೆಚ್ಚಾಗಿ ಕಾಣುವುದು ಹಸಿರು ಚಾನೆಲ್‌ನಲ್ಲಿ. ಡಿಕಂಪೋಸ್ ಮಾಡಿ, ಆ ಲೇಯರನ್ನು ಎರಡು ಪಿಕ್ಸೆಲ್ ಎಡಕ್ಕೆ ತಳ್ಳಿ, ಮತ್ತೆ ಕೂಡಿಸಿದೆ. ನೆರಳು ಹೋಯಿತು.

ಹಾಗಾದರೆ ಯಾವುದು?

ನನ್ನ ಮಟ್ಟಿಗೆ ಹಳೇ ಕಪ್ಪು-ಬಿಳುಪು ಪುಟಕ್ಕೆ ಅಫಿನಿಟಿಯಲ್ಲಿ ಚುಕ್ಕಿ ತೆಗೆದು, ಉಳಿದದ್ದು ಜಿಂಪ್‌ನಲ್ಲಿ. 2024ರಲ್ಲಿ ಆನ್‌ಲೈನ್ ಡಿಸೈನ್ ಕಂಪನಿ ಕ್ಯಾನ್ವಾ ಅಫಿನಿಟಿಯ ಕಂಪನಿಯನ್ನು ಕೊಂಡಿತು, 2025ರ ಅಕ್ಟೋಬರಿನಿಂದ ಅಫಿನಿಟಿಯನ್ನು ಪುಕ್ಕಟೆ ಕೊಡುತ್ತಿದ್ದಾರೆ, ಹಾಗಾಗಿ ಖರ್ಚಿಲ್ಲ. ಲಿನಕ್ಸ್‌ಗೆ ಇಲ್ಲ ಅನ್ನುವುದೇ ನನ್ನ ಗೋಳು. ಫೋಟೋಶಾಪ್‌ನ ಹೀಲಿಂಗ್ ಚೆನ್ನಾಗಿದೆ, ನಿಜ. ಆದರೆ ವರ್ಷಕ್ಕೆ ನಾಲ್ಕು ಫೋಟೋ ಸರಿಮಾಡುವವರು ತಿಂಗಳು ತಿಂಗಳು ಬಾಡಿಗೆ ಕಟ್ಟುವುದರಲ್ಲಿ ಅರ್ಥವಿಲ್ಲ. ಅದನ್ನು ದಿನಾ ತೆರೆಯುವ ಸ್ಟುಡಿಯೋದವರ ಲೆಕ್ಕ ಬೇರೆ. ಲೇಯರ್ ಅಂದರೇನು ಅಂತ ಈಗಷ್ಟೇ ಕಲಿಯುವವರು ಫೋಟೋಪಿಯಾದಿಂದ ಶುರು ಮಾಡಿ.

ಅಳತೆ ಅರ್ಧಕ್ಕೆ ಇಳಿಸಿದ ಮೇಲೆ ಉಳಿದದ್ದು 1063×1417 ಪಿಕ್ಸೆಲ್. 5×7 ಇಂಚಿಗೆ ಮ್ಯಾಟ್ ಪೇಪರಿನಲ್ಲಿ ಪ್ರಿಂಟ್ ಹಾಕಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಮೊದಲು ಮಚ್ಚೆ ನೋಡಿದರು, ಆಮೇಲೆ ಶೀಲ್ಡ್.

ಚಿಕ್ಕಪ್ಪನಿಗೆ ಮಾತ್ರ ಸಮಾಧಾನವಿಲ್ಲ. "ನನ್ನ ಮೀಸೆ ಏನಾಯ್ತು?" ಅಂತ ಒಂದೇ ವರಾತ. ಎರಡು ಲೇಯರಿನ ಕಣ್ಣಿನ ಗುರುತು ಒತ್ತಿ ಆರಿಸಿದೆ, ಮೀಸೆ ಬಂತು. ಕೆಂಪು ಚಾನೆಲ್ ಆದ್ದರಿಂದ ಈಗ ನೀಲಿ ಅಲ್ಲ, ಅಸಲಿ ಮೀಸೆಯ ಹಾಗೆ ಕಪ್ಪಗಿದೆ. ಮನೆಯ ಗ್ರೂಪಿಗೆ ಹಾಕಿದೆ. ಅತ್ತೆ ಅದನ್ನೇ ಡಿಪಿ ಮಾಡಿಕೊಂಡಿದ್ದಾರೆ.