ರಟ್ಟಿನ ತುಂಡು ಇಟ್ಟು ಮೀನಿನ ಟ್ಯಾಂಕ್ ಮಟ್ಟ ಮಾಡಬೇಡಿ

ಮನೆಯಲ್ಲಿ ಅಕ್ವೇರಿಯಂ ಇಡಬೇಕು, ಅದಕ್ಕೆ ಸ್ಟ್ಯಾಂಡ್ ಮಾಡಿಸಬೇಕು ಅಂತ ಇದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ನಾನು ಕಲಿತದ್ದು ರಾತ್ರಿ ಎರಡು ಗಂಟೆಗೆ, ಪಡಸಾಲೆಯಲ್ಲಿ ನೀರು ಒರೆಸುತ್ತಾ.

ನಮ್ಮ ಮನೆ ಬಾಗಲಕೋಟೆ ನವನಗರದಲ್ಲಿ. ಮಗಳು ಗೋಲ್ಡ್ ಫಿಶ್ ಬೇಕು ಅಂತ ವರ್ಷದಿಂದ ಹಟ ಹಿಡಿದಿದ್ದಳು. ಕಡೆಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ತಂದೆವು. 8 ಮಿ.ಮೀ. ಗಾಜು. ಟ್ಯಾಂಕ್ ಆರಿಸಲು ಮೂರು ಭಾನುವಾರ ಓಡಾಡಿದ್ದೆ. ಸ್ಟ್ಯಾಂಡ್ ವಿಷಯಕ್ಕೆ ಮಾತ್ರ ಹತ್ತು ನಿಮಿಷ ಕೂಡ ತಲೆ ಕೆಡಿಸಿಕೊಳ್ಳಲಿಲ್ಲ. ಪೈಪ್ ತುಂಡು ಬೆಸೆದು ನಾಲ್ಕು ಕಾಲು ಮಾಡೋದರಲ್ಲಿ ಏನಿದೆ, ಅಲ್ವಾ?

ವೆಲ್ಡಿಂಗ್ ಅಂಗಡಿಯವನಿಗೆ ಅಳತೆ ಹೇಳಿದೆ. ತೂಕ ಎಷ್ಟು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. "ಆನಿ ನಿಂತ್ರೂ ಏನ್ ಆಗಂಗಿಲ್ಲ ತಗೋರಿ" ಅಂದ. ಒಂದು ಇಂಚಿನ ತೆಳ್ಳನೆ ಚೌಕ ಪೈಪು, ಮೇಲೊಂದು ಚೌಕಟ್ಟು, ಕೆಳಗೆ ನಾಲ್ಕು ಕಾಲು. ಅಡ್ಡಪಟ್ಟಿ ಇಲ್ಲ, ಮೂಲೆಗೆ ಓರೆಪಟ್ಟಿ ಇಲ್ಲ. ಕಪ್ಪು ಬಣ್ಣ ಹೊಡೆದಿದ್ದರಿಂದ ಚಂದ ಕಾಣುತ್ತಿತ್ತು. ಅದರ ಮೇಲೆ ಹಾಕಲು ಹಳೆ ಟಿವಿ ಕಪಾಟಿನ ಪಾರ್ಟಿಕಲ್ ಬೋರ್ಡ್ ಮನೆಯಲ್ಲೇ ಬಿದ್ದಿತ್ತು. ಸುಮ್ನೆ ಯಾಕೆ ಖರ್ಚು ಅಂತ ಅದನ್ನೇ ಹಾಕಿದೆ.

ಲೆಕ್ಕ ಆಗಲೇ ಮಾಡಬೇಕಿತ್ತು. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ ನೀರು. ನನ್ನ ಟ್ಯಾಂಕ್ 6.75 ಘನ ಅಡಿ, ಅಂದರೆ ಕಂಠಮಟ್ಟ ತುಂಬಿದರೆ 191 ಲೀಟರ್. ಮೇಲೆ ಎರಡು ಇಂಚು ಬಿಟ್ಟರೂ 170. ಒಂದು ಲೀಟರ್ ಅಂದರೆ ಒಂದು ಕಿಲೋ. ಗಾಜು ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ, ಎರಡೂವರೆ ಕಿಲೋ ತೂಗುತ್ತದೆ. ಹಾಗಾಗಿ ಖಾಲಿ ಟ್ಯಾಂಕೇ 30 ಕಿಲೋ ದಾಟಿತು. ಮರಳು, ಕಲ್ಲು ಸೇರಿ ಇನ್ನೊಂದು 35. ಒಟ್ಟು ಹತ್ತಿರ ಹತ್ತಿರ ಎರಡೂವರೆ ಕ್ವಿಂಟಲ್. ಕ್ವಿಂಟಲಿನ ಎರಡು ಚೀಲ ಜೋಳ, ಅದರ ಮೇಲೆ ಇನ್ನರ್ಧ ಚೀಲ ಅಂದ್ಕೊಳ್ಳಿ. ಅದನ್ನು ಆ ಸಪೂರ ಕಾಲುಗಳ ಮೇಲೆ ಹಗಲೂ ರಾತ್ರಿ ಹೊರಿಸಿದ್ದೆ.

ಆದರೆ ತೂಕದಿಂದ ಸ್ಟ್ಯಾಂಡ್ ಕುಸಿಯಲಿಲ್ಲ. ಕೆಟ್ಟದ್ದು ಬೇರೆ ಕಡೆ.

ಸ್ಟ್ಯಾಂಡ್ ತಂದು ಇಟ್ಟ ದಿನವೇ ಅದು ಕುಣಿಯುತ್ತಿತ್ತು. ನಮ್ಮ ಪಡಸಾಲೆಗೆ ಹಾಕಿದ್ದು ಶಹಾಬಾದ್ ಫರಸಿ. ತೊಳೆದ ನೀರು ಬಾಗಿಲ ಕಡೆ ಹೋಗಲಿ ಅಂತ ಮೇಸ್ತ್ರಿ ಇಳಿಜಾರು ಕೊಟ್ಟಿದ್ದಾನೆ. ಆ ಇಳಿಜಾರಿನಿಂದಲೇ ಕುಣಿಯುತ್ತಿದೆ ಅಂದುಕೊಂಡೆ. ಟ್ಯಾಂಕ್ ಇಳಿಸಲು ಬಂದ ಹುಡುಗ ಗೋಡೆಗೆ ತಾಗಿಸಿ ಒತ್ತಿದ, ಕುಣಿತ ನಿಂತಿತು. ಟ್ಯಾಂಕ್ ಮೇಲಿಟ್ಟಾಗ ಮುಂದಿನ ಬಲ ಮೂಲೆಯಲ್ಲಿ ಹಲಗೆಗೂ ಗಾಜಿಗೂ ನಡುವೆ ಸಂದು ಕಂಡಿತು. ನಾಲ್ಕು ಮಿ.ಮೀ. ಇರಬಹುದು. "ರಟ್ಟು ಇಡ್ರಿ, ಸಾಕು" ಅಂದ. ಪೆಟ್ಟಿಗೆಯ ರಟ್ಟು ಹರಿದು, ಎರಡು ಮಡಿಕೆ ಮಾಡಿ, ನನ್ನ ಕೈಯಿಂದಲೇ ತುರುಕಿದೆ. ರಟ್ಟು ಕಾಣದ ಹಾಗೆ ಅಂಚಿಗೆ ಕಪ್ಪು ಟೇಪ್ ಕೂಡ ಹಚ್ಚಿದೆ. ಆ ಟೇಪ್ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಹತ್ತೊಂಬತ್ತು ದಿನ ಏನೂ ಆಗಲಿಲ್ಲ. ಇಪ್ಪತ್ತನೆಯ ರಾತ್ರಿ ಟಣ್ ಅಂತ ಒಂದೇ ಸದ್ದು. ಪಾತ್ರೆ ಬಿದ್ದಿರಬೇಕು ಅಂದುಕೊಂಡು ಮಗ್ಗಲು ಬದಲಿಸಿದೆ. ಆಮೇಲೆ ನೀರು ಸುರಿಯುವ ಸಪ್ಪಳ.

ಇಲ್ಲೊಂದು ಮಾತು ಹೇಳಲೇಬೇಕು. ನಾನು ಬರಿಗಾಲಲ್ಲಿ ಪಡಸಾಲೆಗೆ ಓಡುತ್ತಿದ್ದೆ. ಹೆಂಡತಿ ಹಿಂದಿನಿಂದ ಅಂಗಿ ಹಿಡಿದು ನಿಲ್ಲಿಸಿ, ಮೊದಲು ಮೇನ್ ಸ್ವಿಚ್ ಆಫ್ ಮಾಡಿದಳು. ಫಿಲ್ಟರ್, ಲೈಟು, ಏರ್ ಪಂಪ್ ಎಲ್ಲದರ ವೈರು ಸೇರಿದ್ದು ಸ್ಟ್ಯಾಂಡಿನ ಕೆಳಗೆ ನೆಲದ ಮೇಲಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ. ಅದು ಆಗ ನೀರಲ್ಲಿ ಮುಳುಗಿತ್ತು. ಅವಳು ಅರ್ಧ ನಿಮಿಷ ತಡ ಮಾಡಿದ್ದರೆ ಈ ಬರಹವನ್ನು ಬೇರೆ ಯಾರೋ ಬರೆಯಬೇಕಾಗುತ್ತಿತ್ತು. ದಯವಿಟ್ಟು ಬೋರ್ಡನ್ನು ಗೋಡೆಗೆ, ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ, ಪಕ್ಕಕ್ಕೆ ಹೊಡೆಸಿ. ವೈರು ಬೋರ್ಡಿಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಜೋತು ಬಿದ್ದು ಮೇಲೇರಲಿ. ವೈರಿನ ಮೇಲೆ ಹರಿದ ನೀರು ಆ ಜೋತುಬಿದ್ದ ಕಡೆಯೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಟಾರ್ಚ್ ಹಾಕಿ ನೋಡಿದರೆ ಇಡೀ ಪಡಸಾಲೆಯಲ್ಲಿ ನೀರು. ಅದೇ ಇಳಿಜಾರು ಅದನ್ನು ಬಾಗಿಲಿಗೆ ಒಯ್ದಿತ್ತು. ಆದರೆ ಬಾಗಿಲ ಪಕ್ಕದಲ್ಲೇ ಹಿಂದಿನ ದಿನ ತಂದಿಟ್ಟ ಜೋಳದ ಚೀಲ. ಅಪ್ಪ ಎದ್ದು ಬಂದು ಹೊಸ್ತಿಲಲ್ಲಿ ನಿಂತರು. ಹಳೆ ಬಾಗಲಕೋಟೆಯ ಮನೆ ಆಲಮಟ್ಟಿ ಹಿನ್ನೀರಿಗೆ ಬಿಟ್ಟು ಬಂದವರು ಅವರು. "ಇಲ್ಲಿಗೂ ಬಂತೇನಪಾ" ಅಂದರು. ಆ ಹೊತ್ತಿಗೆ ಯಾರಿಗೂ ನಗು ಬರಲಿಲ್ಲ. ಈಗ ದಿನಾ ನಗುತ್ತೇವೆ.

ಐದು ಮೀನಲ್ಲಿ ಮೂರು ಉಳಿದವು. ಬ್ಯಾರೆಲ್‌ನಲ್ಲಿ ಎರಡು ದಿನದ ಹಿಂದೆ ಹಿಡಿದಿಟ್ಟ ನಳದ ನೀರಿತ್ತು, ಅದನ್ನೇ ಬಕೆಟ್‌ಗೆ ತುಂಬಿ ಬಿಟ್ಟೆವು. ಆಗಷ್ಟೇ ಬಂದ ನಳದ ನೀರಾಗಿದ್ದರೆ ಅದರ ಕ್ಲೋರಿನ್ನಿಗೆ ಅವೂ ಹೋಗುತ್ತಿದ್ದವೇನೋ.

ಮರುದಿನ ವೆಲ್ಡಿಂಗ್‌ನವನ ಮೇಲೆ ಹರಿಹಾಯ್ದೆ. ಅವನು ಗಾಜಿನವನ ತಪ್ಪು ಅಂದ, ಗಾಜಿನವನು ಸ್ಟ್ಯಾಂಡಿನ ತಪ್ಪು ಅಂದ. ನಮ್ಮ ಓಣಿಯಲ್ಲಿ ಒಬ್ಬರು ವಯಸ್ಸಾದ ಬಡಿಗೇರರು ಇದ್ದಾರೆ. ಅವರು ಬಂದು ಯಾರ ಮಾತೂ ಕೇಳದೆ, "ದಾರ ತಗೊಂಡ್ ಬಾ" ಅಂದರು. ಚೌಕಟ್ಟಿನ ಮೇಲೆ ಮೂಲೆಯಿಂದ ಎದುರು ಮೂಲೆಗೆ ಎರಡು ದಾರ ಬಿಗಿಯಾಗಿ ಕಟ್ಟಿದರು. ನಡುವೆ ಎರಡೂ ದಾರ ಒಂದನ್ನೊಂದು ಮುಟ್ಟಬೇಕು. ನಮ್ಮದರಲ್ಲಿ ಒಂದರ ಮೇಲೊಂದು ತೇಲುತ್ತಿದ್ದವು. ಮಧ್ಯೆ ಬೆರಳಿನ ಉಗುರು ಹೋಗುತ್ತಿತ್ತು. (ನೀವು ಮಾಡಿದರೆ ಮೇಲಿನ ದಾರ ಕೆಳಗೆ ಹಾಕಿ ಇನ್ನೊಮ್ಮೆ ನೋಡಿ. ಒಂದೇ ಸಲ ನೋಡಿದರೆ ಮೋಸ ಹೋಗಬಹುದು.) ಚೌಕಟ್ಟು ತಿರುಚಿಕೊಂಡಿದೆ ಅಂತ ಇದರ ಅರ್ಥ. ಬೆಸುಗೆ ಹಾಕಿದ ಜಾಗ ಆರುವಾಗ ಕುಗ್ಗಿ ಎಳೆಯುತ್ತದೆ. ಎಲ್ಲ ಮೂಲೆಗೂ ಮೊದಲು ಚುಕ್ಕಿ ಬೆಸುಗೆ ಹಾಕಿ, ಅಳತೆ ನೋಡಿ, ಆಮೇಲೆ ಎದುರುಬದುರು ಮೂಲೆ ತುಂಬಬೇಕು. ಒಂದು ಮೂಲೆ ಪೂರ್ತಿ ಮುಗಿಸಿ ಮುಂದೆ ಹೋದರೆ ಹೀಗಾಗುತ್ತದೆ.

ಆಮೇಲೆ ಗಾಜು ತೋರಿಸಿದರು. ಬಿರುಕು ಶುರುವಾದದ್ದು ಮುಂದಿನ ಬಲ ಮೂಲೆಯಲ್ಲಿ, ಅಲ್ಲಿಂದ ತಳದ ಗಾಜಿನಲ್ಲಿ ಓರೆಯಾಗಿ ನಡುವಿನವರೆಗೆ ಹೋಗಿತ್ತು. ಆ ಮೂಲೆಯಲ್ಲಿ ನನ್ನ ರಟ್ಟು ಒದ್ದೆಯಾಗಿ ಹಪ್ಪಳದ ಹಾಗೆ ಅಂಟಿಕೊಂಡಿತ್ತು.

ನನಗೆ ಅರ್ಥವಾದದ್ದು ಇಷ್ಟು. ಮೊದಲ ದಿನಗಳಲ್ಲಿ ಆ ಮೂಲೆಯ ಭಾರವೆಲ್ಲ ರಟ್ಟಿನ ಸಣ್ಣ ತುಂಡಿನ ಮೇಲೆ ಕೂತಿತ್ತು. ನೀರು ಬದಲಿಸುವಾಗ ಚೆಲ್ಲಿದ ಹನಿಗಳಿಂದ ರಟ್ಟು ಮೆತ್ತಗಾಗಿ ಕೂತುಕೊಂಡಿತು. ಪಾರ್ಟಿಕಲ್ ಬೋರ್ಡಿನ ಇನ್ನೊಂದು ಅಂಚು ಅದೇ ನೀರು ಕುಡಿದು ಉಬ್ಬಿತು. ಆಗ ಮೂಲೆ ಗಾಳಿಯಲ್ಲಿ ನೇತಾಡಿತು. ಟ್ಯಾಂಕ್ ಇಡಿಯಾಗಿ ಸ್ವಲ್ಪ ಓರೆ ನಿಂತರೆ ಗಾಜು ತಾಳಿಕೊಳ್ಳುತ್ತದೆ. ತಿರುಚಿದರೆ ತಾಳುವುದಿಲ್ಲ, ಗಾಜಿಗೆ ಬಾಗುವುದು ಗೊತ್ತಿಲ್ಲವಲ್ಲ. ನೆಲ ಓರೆ ಇದ್ದರೆ ಸ್ಟ್ಯಾಂಡಿನ ಕಾಲಿನ ಕೆಳಗೆ ತಗಡಿನ ಬಿಲ್ಲೆ ಕೊಡಿ. ಟ್ಯಾಂಕಿಗೂ ಸ್ಟ್ಯಾಂಡಿಗೂ ನಡುವೆ ಮೂಲೆಯಲ್ಲಿ ಏನನ್ನೂ ತುರುಕಬೇಡಿ. ರಟ್ಟಲ್ಲ, ಮರದ ಚಕ್ಕೆಯಲ್ಲ, ಮಡಚಿದ ಕಾಗದ ಕೂಡ ಅಲ್ಲ.

"ಕೆಳಗೆ ಥರ್ಮಾಕೋಲ್ ಹಾಕಿದರೆ ಎಲ್ಲ ಸರಿಹೋಗುತ್ತೆ" ಅನ್ನುವವರು ಸಿಗುತ್ತಾರೆ. ತಳದ ಗಾಜು ನೇರ ಹಲಗೆಯ ಮೇಲೆ ಕೂರುವ ಟ್ಯಾಂಕಿಗೆ ಥರ್ಮಾಕೋಲ್ ಹಾಳೆ ಬೇಕು, ನಿಜ. ಆದರೆ ಅದು ಮರಳಿನ ಕಣದಂಥ ಸಣ್ಣ ಉಬ್ಬುತಗ್ಗು ನುಂಗುತ್ತದೆ ಅಷ್ಟೇ. ಸೊಟ್ಟ ಸ್ಟ್ಯಾಂಡನ್ನು ನೆಟ್ಟಗೆ ಮಾಡುವುದಿಲ್ಲ. ಸುತ್ತ ಪ್ಲಾಸ್ಟಿಕ್ ಚೌಕಟ್ಟಿದ್ದು ತಳದ ಗಾಜು ಎತ್ತರದಲ್ಲಿರುವ ಟ್ಯಾಂಕಿಗೆ ಅದನ್ನು ಹಾಕಲೇಬಾರದು, ಹಾಳೆ ಕೆಳಗಿನಿಂದ ಗಾಜನ್ನು ಒತ್ತುತ್ತದೆ.

ಎರಡನೇ ಸ್ಟ್ಯಾಂಡನ್ನು ಬೇರೆ ಅಂಗಡಿಯಲ್ಲಿ, ಎದುರಿಗೆ ನಿಂತು ಮಾಡಿಸಿದೆ. 40 ಮಿ.ಮೀ. ಚೌಕ ಪೈಪು, 2 ಮಿ.ಮೀ. ದಪ್ಪ. ಟ್ಯಾಂಕಿನ ಮೂಲೆಯ ನೇರ ಕೆಳಗೇ ಕಾಲು. ಹಿಂದೆ ಒಂದು ಓರೆಪಟ್ಟಿ, ಪಕ್ಕಕ್ಕೆ ವಾಲದ ಹಾಗೆ. ಹೆಗಲು ಕೊಟ್ಟು ತಳ್ಳಿದರೂ ಅಲುಗಬಾರದು, ಮಕ್ಕಳು ಜೋತು ಬೀಳುತ್ತಾರೆ. ಕಾಲಿಗೆ ತಿರುಗಿಸುವ ಬೋಲ್ಟ್ ಪಾದ, ಅದರಡಿ ಮೂರು ಇಂಚಿನ ಕಬ್ಬಿಣದ ತಗಡು. ಇಲ್ಲದಿದ್ದರೆ ಟೊಳ್ಳಿರುವ ಫರಸಿ ಸೀಳಬಹುದು. ಮೇಲೆ 18 ಮಿ.ಮೀ. ಮೆರೈನ್ ಪ್ಲೈವುಡ್, ಅಂದರೆ ನೀರು ತಾಳುವ ಪ್ಲೈವುಡ್, ಅದಕ್ಕೆಂದೇ ಇರುವ ಐಎಸ್ 710 ಮಾನಕದ ಗುರುತು ಇರುವುದು. ಕತ್ತರಿಸಿದ ಅಂಚಿಗೂ ಬಣ್ಣ. ಗೆಳೆಯನೊಬ್ಬ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕು, ನಮ್ಮ ಜಿಲ್ಲೆಯ ಕಲ್ಲು ಅಂದ. ಚಂದವೇ, ಆದರೆ ಇನ್ನೂ ಇಪ್ಪತ್ತು ಕಿಲೋ ಹೊರಿಸುವ ಧೈರ್ಯ ನನಗೆ ಉಳಿದಿರಲಿಲ್ಲ.

ಅಂಗಡಿಯಲ್ಲೇ ದಾರ ಕಟ್ಟಿ ನೋಡಿದೆ. ಅಲ್ಲಿದ್ದವರು ನಕ್ಕರು, ನಗಲಿ. ಮನೆಗೆ ತಂದ ಮೇಲೆ ಖಾಲಿ ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು ಉದ್ದ, ಅಗಲ, ಎರಡೂ ಮೂಲೆಯೋರೆ ನೋಡಿ ಪಾದ ತಿರುಗಿಸಿದೆ. ಟ್ಯಾಂಕ್ ಇಟ್ಟು, ಮರಳು ಮೀನು ಏನೂ ಇಲ್ಲದೆ, ಮೊದಲು ಕಾಲು ಭಾಗ ನೀರು ತುಂಬಿದೆ. ನಾಲ್ಕೂ ಮೂಲೆಯಲ್ಲಿ ಮೇಲಿನ ಅಂಚಿನಿಂದ ನೀರಿಗೆ ಎಷ್ಟು ಅಂತ ಟೇಪಿನಿಂದ ಅಳೆದೆ. ಒಂದು ಕಡೆ 5 ಮಿ.ಮೀ. ವ್ಯತ್ಯಾಸ ಬಂತು. ನೀರು ಪೂರ್ತಿ ತೆಗೆದು, ಟ್ಯಾಂಕ್ ಇಳಿಸಿ, ಪಾದ ಸರಿಮಾಡಿ, ಮತ್ತೆ ಇಟ್ಟೆ. ಆಮೇಲೆ ಪೂರ್ತಿ ತುಂಬಿ ಒಂದು ದಿನ ಹಾಗೇ ಬಿಟ್ಟೆ. ಮಗಳು ಆ ದಿನವೆಲ್ಲ ಬಕೆಟ್ಟಿನ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಳು.

ಈಗ ಐದು ತಿಂಗಳಾಯಿತು. ಭಾನುವಾರ ನೀರು ಬದಲಿಸುವಾಗ ಇನ್ನೂ ಟೇಪ್ ಹಿಡಿಯುತ್ತೇನೆ. ಎಡ ಮೂಲೆಗಳಿಗಿಂತ ಬಲ ಮೂಲೆಗಳು ಎರಡೂ 2 ಮಿ.ಮೀ. ತಗ್ಗಿವೆ, ಮೊದಲ ದಿನದಿಂದ ಅಷ್ಟೇ ಇದೆ. ಅದನ್ನು ಸರಿಮಾಡಲು ಕೈ ಹಾಕಿಲ್ಲ.